ಕದ ಹಾಕಿಕೊಳ್ಳುವ ವಿದ್ಯೆ

ಅಂಚೆಯ ಕಾರ್ಡಿಗೆ ಗುಟ್ಟಿಲ್ಲ ಎಂಬುದು ಹಳಬರಿಗೆಲ್ಲ ತಿಳಿದ ಮಾತು. ನಾವು ದಾದರಿನ ಚಾಳಿನಲ್ಲಿದ್ದಾಗ ಧಾರವಾಡದಿಂದ ನಮ್ಮ ತಂದೆಯವರು ವಾರಕ್ಕೊಂದು ಕಾರ್ಡು ಬರೆಯುತ್ತಿದ್ದರು. ಅಂಚೆಯವನು ಮರಾಠಿಗ, ಅವನಿಗೆ ನಮ್ಮ ಲಿಪಿ ಬಾರದು. ಆದರೆ ಕೆಳಗಿನ ಮಾಳಿಗೆಯ ಗದಗಿನ ಅಜ್ಜಿಗೆ ಚೆನ್ನಾಗಿ ಬರುತ್ತಿತ್ತು. ನಾನು ಕಚೇರಿಯಿಂದ ಬಂದು ಮೆಟ್ಟಿಲು ಹತ್ತುವುದರೊಳಗೆ, “ನಿಮ್ಮ ಎಮ್ಮಿ ಈದದಂತ, ಹೆಣ್ಣುಕರ” ಎಂದು ಆಕೆ ಸಂತೋಷದಿಂದ ಕೂಗಿ ಹೇಳುವಳು. ನಾವಾರೂ ಬೇಸರಿಸಿದವರಲ್ಲ. ಆದರೆ ಮನೆಯಲ್ಲಿ ಕಾಯಿಲೆಯೋ ಸಾಲವೋ ಇದ್ದರೆ ಮಾತ್ರ ತಂದೆಯವರು ಕಾರ್ಡು ಬಿಟ್ಟು ನೀಲಿಯ ಇನ್‌ಲ್ಯಾಂಡ್ ಕಾಗದ ತೆಗೆದುಕೊಳ್ಳುತ್ತಿದ್ದರು. ಯಾವುದಕ್ಕೆ ಕಾರ್ಡು, ಯಾವುದಕ್ಕೆ ಅಂಟು ಹಚ್ಚಿದ ಕಾಗದ ಎಂಬ ವಿವೇಕ ಅವರಿಗಿತ್ತು. ಆ ವಿವೇಕವನ್ನು ನಾನು 76ನೆಯ ವರ್ಷದಲ್ಲಿ, ಪೆಟ್ಟು ತಿಂದು, ಮತ್ತೊಮ್ಮೆ ಕಲಿಯಬೇಕಾಯಿತು. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಈಗ ನಾವು ಡೊಂಬಿವಲಿಯಲ್ಲಿದ್ದೇವೆ. ಮನೆಯಲ್ಲಿ ಒಂದು ಕಂಪ್ಯೂಟರು ಇದೆ. ಬೆಳಿಗ್ಗೆ ಅದು ನನ್ನದು, ಮಧ್ಯಾಹ್ನ ನಮ್ಮ ಮನೆಯವರದು, ರಜೆಯಲ್ಲಿ ಪುಣೆಯಿಂದ ಬರುವ ಮೊಮ್ಮಗಳದು. ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯವರ ಕೆಲವು ಪರೀಕ್ಷೆಗಳಾದವು. ಆಮೇಲೆ ವೈದ್ಯರು ನನ್ನೊಬ್ಬನನ್ನೇ ಒಳಗೆ ಕರೆದು, ಮರೆವಿನ ರೋಗದ ಆರಂಭವಿರಬಹುದೆಂದು ಮೆಲ್ಲಗೆ ಹೇಳಿದರು. ನಾನು ಹೊರಗೆ ಬಂದು, “ಏನೂ ಇಲ್ಲ, ವಯಸ್ಸಾತು ಅಂದರು” ಎಂದುಬಿಟ್ಟೆ. 48 ವರ್ಷದ ಸಂಸಾರದಲ್ಲಿ ನಾನು ಆಡಿದ ಸುಳ್ಳುಗಳು ಬೇಕಾದಷ್ಟಿವೆ. ಇಷ್ಟು ಭಾರವಾದದ್ದು ಇದೊಂದೇ.

ಅಂದಿನಿಂದ ಬೆಳಗಿನ ಹೊತ್ತು, ಆಕೆ ಸ್ನಾನಕ್ಕೆ ಹೋದಾಗ, ಆ ರೋಗದ ವಿಷಯವನ್ನು ಕಂಪ್ಯೂಟರಿನಲ್ಲಿ ಹುಡುಕಿ ಓದತೊಡಗಿದೆ. ಓದಿ ಮುಗಿದೊಡನೆ ಪುಟವನ್ನು ಮುಚ್ಚುತ್ತಿದ್ದೆ. ಮುಚ್ಚಿದರೆ ಮುಗಿಯಿತು ಎಂದೇ ನನ್ನ ತಿಳಿವಳಿಕೆ. ನಾಲ್ಕಾರು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಆಕೆ ಕಂಪ್ಯೂಟರಿನ ಮುಂದೆ ಕುಳಿತವಳು ನನ್ನನ್ನು ಕರೆದಳು.

“ಏನ್ರೀ, ನನಗ ಮರವಿನ ಬ್ಯಾನಿ ಆಗೇದೇನು?”

“ಯಾರು ಹೇಳಿದರು?” ಎಂದೆ.

“ಈ ಡಬ್ಬಿ ಹೇಳ್ತು.”

ಹಯಗ್ರೀವಕ್ಕೆ ಕಡಲೆಬೇಳೆ ಎಷ್ಟು, ಬೆಲ್ಲ ಎಷ್ಟು ಎಂದು ನೋಡಲು ಆಕೆ ಕುಳಿತಿದ್ದಳು. ಐವತ್ತು ವರ್ಷ ಕೈಯ ಅಂದಾಜಿನಲ್ಲಿ ಮಾಡಿದ ಪದಾರ್ಥದ ಅಳತೆಯನ್ನು ಆಕೆ ಏಕೆ ಹುಡುಕುತ್ತಿದ್ದಳೆಂಬುದು ಬೇರೆ ಮಾತು. ಆ ಅಡುಗೆಯ ಪುಟದ ಎಡಕ್ಕೂ ಬಲಕ್ಕೂ ಜಾಹೀರಾತುಗಳಿದ್ದವು: ನೆನಪಿನ ಶಕ್ತಿಯ ಮಾತ್ರೆ, ಮರೆವಿನ ಹಿರಿಯರಿಗಾಗಿ ಆರೈಕೆಯ ಮನೆ, ತಿಂಗಳ ಕಂತಿನ ಸೌಲಭ್ಯ. “ಮೂರು ದಿನ ಆತು, ಎಲ್ಲಿ ಹೋದರೂ ಇದ ಬರತದ. ನೀವು ಡಬ್ಬಿಗೆ ಹೇಳೀರಿ, ನನಗ ಹೇಳಲಿಲ್ಲಲ್ಲ!” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ದೀಪಾವಳಿಗೆ ಮೊಮ್ಮಗಳು ಬಂದಾಗ ಈ ಸಂಗತಿ ಅವಳ ಕಿವಿಗೆ ಬಿತ್ತು. ಅವಳು ಹಳೆಯ ಬ್ರೌಸರನ್ನು ಬದಿಗೆ ಸರಿಸಿ ಬ್ರೇವ್ ಎಂಬ ಇನ್ನೊಂದನ್ನು ಹಾಕಿಕೊಟ್ಟಳು. ಅದರ ಗುರುತು ಸಿಂಹದ ಮುಖ. ಹಾಕಿಕೊಟ್ಟು ಸುಮ್ಮನಾಗಲಿಲ್ಲ, ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದಳು. ಆಮೇಲೆ ನಾನೂ ಹುಡುಕಿ ಓದಿಕೊಂಡೆ.

ಡಬ್ಬಿಗೆ ನನ್ನ ಗುಟ್ಟು ತಿಳಿದದ್ದು ಹೇಗೆ? 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಲೂ ಮಾಂಟುಲ್ಲಿ ಎಂಬ ತರುಣ ಕುಕಿ ಎಂಬುದನ್ನು ಕಂಡುಹಿಡಿದ. ಹೆಸರು ಬಿಸ್ಕತ್ತಿನದು; ವಸ್ತು ಒಂದು ಸಣ್ಣ ಚೀಟಿ. ಜಾಲದ ಅಂಗಡಿಗೆ ಹೋಗಿ ನೀವು ಬುಟ್ಟಿಗೆ ಎರಡು ಸಾಮಾನು ಹಾಕಿದರೆ, ಮುಂದಿನ ಪುಟಕ್ಕೆ ಹೋಗುವುದರೊಳಗೆ ಅಂಗಡಿಯವನು ನಿಮ್ಮನ್ನು ಮರೆತುಬಿಡುತ್ತಿದ್ದ. ಮರೆಯದಿರಲೆಂದು ನಿಮ್ಮ ಯಂತ್ರದಲ್ಲೇ ಒಂದು ಚೀಟಿ ಇಡುವ ಉಪಾಯವದು, ಉದ್ದೇಶ ಸಾಧುವಾದದ್ದೇ. ಆದರೆ ಜಾಹೀರಾತಿನ ವ್ಯಾಪಾರಿ ಜಾಣ. ಅವನು ಸಾವಿರ ಅಂಗಡಿಗಳಲ್ಲಿ ಒಂದೊಂದು ಮೂಲೆಯನ್ನು ಬಾಡಿಗೆಗೆ ಹಿಡಿದು, ಎಲ್ಲ ಕಡೆಯೂ ತನ್ನದೇ ಚೀಟಿ ಅಂಟಿಸತೊಡಗಿದ. ಬೆಳಿಗ್ಗೆ ಔಷಧದ ಅಂಗಡಿಯಲ್ಲಿ ಕಂಡ ಗಿರಾಕಿಯನ್ನು ಮಧ್ಯಾಹ್ನ ಅಡುಗೆಯ ಪುಟದಲ್ಲಿ ಗುರುತು ಹಿಡಿದ. ಬೆಳಿಗ್ಗೆ ಕುಳಿತವನು ಗಂಡ, ಮಧ್ಯಾಹ್ನ ಕುಳಿತವಳು ಹೆಂಡತಿ ಎಂಬ ಭೇದ ಅವನಿಗೆಲ್ಲಿ ಬರಬೇಕು! ಗದಗಿನ ಅಜ್ಜಿಯಾದರೆ ಕಾಯಿಲೆಯ ಸುದ್ದಿಯನ್ನು ಮೆಟ್ಟಿಲಲ್ಲಿ ನಿಂತು ಕೂಗುತ್ತಿರಲಿಲ್ಲ.

ಬ್ರೇವ್ ಬ್ರೌಸರಿನ ಪೂರ್ವೇತಿಹಾಸ ಇನ್ನೂ ಸ್ವಾರಸ್ಯವಾಗಿದೆ. ಇದನ್ನು ಕಟ್ಟಿದವರಲ್ಲಿ ಮುಖ್ಯನಾದವನು ಬ್ರೆಂಡನ್ ಐಕ್. ಈತ 1995ರಲ್ಲಿ ಅದೇ ನೆಟ್‌ಸ್ಕೇಪಿನಲ್ಲಿದ್ದಾಗ, ಕೇವಲ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯ ಮೊದಲ ರೂಪವನ್ನು ಸಿದ್ಧಮಾಡಿದ. ಇಂದು ಜಾಲದ ಪುಟಗಳಲ್ಲಿ ಏನಾದರೂ ಅಲುಗಾಡಿದರೆ, ತೆರೆದುಕೊಂಡರೆ, ಬಹುಮಟ್ಟಿಗೆ ಆ ಭಾಷೆಯ ಮಹಿಮೆ. ಆದರೆ ನಮ್ಮ ಬೆನ್ನುಹತ್ತುವ ಗೂಢಚಾರ ಬರವಣಿಗೆಯೂ ಅದೇ ಭಾಷೆಯಲ್ಲಿದೆ. 1998ರಲ್ಲಿ ಮೊಜಿಲ್ಲಾ ಸಂಸ್ಥೆಯನ್ನು ಹುಟ್ಟುಹಾಕಿದವರಲ್ಲಿ ಈತನೂ ಒಬ್ಬ. ಫೈರ್‌ಫಾಕ್ಸ್ ಬಂದದ್ದು ಅಲ್ಲಿಂದಲೇ. 2014ರಲ್ಲಿ ಅದರ ಮುಖ್ಯಾಧಿಕಾರಿಯಾದ. ಸಲಿಂಗ ವಿವಾಹದ ವಿರುದ್ಧದ ಚಳವಳಿಗೆ 2008ರಲ್ಲಿ ಅವನು ಕೊಟ್ಟ ದೇಣಿಗೆ ಆಗ ಎದ್ದು ನಿಂತು, ಎರಡು ವಾರ ತುಂಬುವ ಮೊದಲೇ ಹುದ್ದೆ ಬಿಡಬೇಕಾಯಿತು. 2015ರಲ್ಲಿ ಬ್ರಯನ್ ಬಾಂಡಿ ಎಂಬವನೊಡನೆ ಬ್ರೇವ್ ಕಂಪನಿಯನ್ನು ತೆರೆದ. ಬ್ರೌಸರಿನ ಮೊದಲ ಸುದ್ದಿ ಹೊರಬಿದ್ದದ್ದು 2016ರ ಜನವರಿಯಲ್ಲಿ, 1.0 ಎಂಬ ಪಕ್ವ ಆವೃತ್ತಿ ಬಂದದ್ದು 2019ರ ನವೆಂಬರಿನಲ್ಲಿ. ಬೀಗ ಮುರಿಯಲು ಬಳಕೆಯಾದ ಸಲಾಕೆಯನ್ನು ಮಾಡಿದ ಕಮ್ಮಾರನೇ ಮುಂದೆ ಬೀಗವನ್ನೂ ಮಾಡಿದಂತಾಯಿತು.

ಇದರ ತಳಪಾಯ ಗೂಗಲಿನವರು 2008ರಲ್ಲಿ ಎಲ್ಲರಿಗೂ ತೆರೆದಿಟ್ಟ ಕ್ರೋಮಿಯಂ. ಆದ್ದರಿಂದ ನೋಟದಲ್ಲಿ ಕ್ರೋಮಿನ ತಮ್ಮನಂತೆಯೇ ಇದೆ. ವ್ಯತ್ಯಾಸ ಬಾಗಿಲಲ್ಲಿ. ಇಲ್ಲಿ ಪರರ ಚೀಟಿಗಳನ್ನೂ ಬೆನ್ನುಹತ್ತುವ ಬರವಣಿಗೆಯನ್ನೂ ಬಾಗಿಲಲ್ಲೇ ತಡೆಯುತ್ತಾರೆ. ನಾವು ಏನನ್ನೂ ಒತ್ತಬೇಕಾಗಿಲ್ಲ. ವಿಳಾಸದ ಸಾಲಿನ ಪಕ್ಕದ ಸಿಂಹದ ಮೇಲೆ ಎಷ್ಟು ಮಂದಿಯನ್ನು ತಡೆದೆವೆಂಬ ಲೆಕ್ಕ ಕಾಣುತ್ತದೆ. ಮೊದಲ ದಿನ ಒಂದೇ ಸುದ್ದಿಯ ಪುಟಕ್ಕೆ ಆ ಲೆಕ್ಕ ಎರಡಂಕಿಗೆ ಏರಿದ್ದನ್ನು ಕಂಡು, ಇಷ್ಟು ಜನ ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದರೇ ಎಂದು ಬೆರಗಾದೆ.

ಹಾಗೆಂದು ಇದು ದೇವರ ಕೊಟ್ಟಿಗೆಯೇನಲ್ಲ. ಕಂಪನಿ ಹೊಟ್ಟೆ ಹೊರೆಯಬೇಕು. ಅವರಿಗೂ ತಮ್ಮದೇ ಜಾಹೀರಾತುಗಳಿವೆ. ಒಪ್ಪಿದವರಿಗೆ ತೋರಿಸಿ, ನೋಡಿದ್ದಕ್ಕೆ ಡಿಜಿಟಲ್ ಟೋಕನ್ನುಗಳಲ್ಲಿ ಪಾಲು ಕೊಡುವ ಏರ್ಪಾಡು ಅದು. 2020ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಡಿಜಿಟಲ್ ನಾಣ್ಯದ ಪೇಟೆಯೊಂದರ ವಿಳಾಸವನ್ನು ಬಳಕೆದಾರ ಬೆರಳಚ್ಚಿಸುವಾಗ, ಬ್ರೌಸರು ತಾನಾಗಿ ತನ್ನ ದಲಾಲಿಯ ಗುರುತನ್ನು ಕೊನೆಗೆ ಸೇರಿಸುತ್ತಿದ್ದುದು ಬಯಲಾಯಿತು. ಐಕ್ ತಪ್ಪೊಪ್ಪಿಕೊಂಡು ಸರಿಪಡಿಸಿದ. ಕಾವಲುಗಾರನ ಮೇಲೂ ಒಂದು ಕಣ್ಣಿರಬೇಕು ಎಂಬಷ್ಟೇ ಇದರ ಪಾಠ.

ಈಗ ಕೀಲಿಗಳ ಮಾತು. ಇದರಲ್ಲಿ ನನಗೆ ಸ್ವಲ್ಪ ಅಹಂಕಾರವಿದೆ. 1967ರಲ್ಲಿ ಹುಬ್ಬಳ್ಳಿಯಲ್ಲಿ ಟೈಪಿಂಗ್ ಕಲಿತು, ಮುಂಬಯಿಯ ಕೋಟೆ ಭಾಗದಲ್ಲಿ 35 ವರ್ಷ ಅದರಿಂದಲೇ ಅನ್ನ ತಿಂದವನು ನಾನು. ಮೌಸ್ ಎಂಬ ಇಲಿಯನ್ನು ಹಿಡಿದರೆ ಕೈ ನಡುಗುತ್ತದೆ. ಕೀಲಿಗಳ ಮೇಲೆ ಇಟ್ಟರೆ ನಡುಗುವುದಿಲ್ಲ. ಮೊಮ್ಮಗಳು ಇದನ್ನು ಕಂಡು, “ಅಜ್ಜಾ, ನಿಮಗೆ ಇಲಿಯೇ ಬೇಡ” ಎಂದು ಒಂದೊಂದಾಗಿ ಹೇಳಿಕೊಟ್ಟಳು. ನಮ್ಮ ಮನೆಯವರು ಅವನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರು. ನಮ್ಮ ವಯಸ್ಸಿನ ವಾಚಕರಿಗೂ ಉಪಯೋಗವಾದೀತೆಂದು ಅದರಿಂದಲೇ ಇಳಿಸುತ್ತಿದ್ದೇನೆ.

ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ‘ಟಿ’ ಒತ್ತಿದರೆ ಹೊಸ ಪುಟ. ‘ಡಬ್ಲ್ಯೂ’ ಒತ್ತಿದರೆ ಎದುರಿಗಿನ ಪುಟ ಮುಚ್ಚುತ್ತದೆ. ‘ಎಲ್’ ಒತ್ತಿದರೆ ವಿಳಾಸದ ಸಾಲಿಗೆ ಹೋಗಿ ನಿಲ್ಲುತ್ತದೆ. ‘ಎಫ್’ ಒತ್ತಿದರೆ ಪುಟದೊಳಗೆ ಬೇಕಾದ ಶಬ್ದವನ್ನು ಹುಡುಕಬಹುದು. ‘ಡಿ’ ಎಂದರೆ ಪುಟಕ್ಕೆ ನೆನಪಿನ ಗುರುತು ಇಡುವುದು. ಕನ್ನಡಕ ಸಿಗದಾಗ ಕಂಟ್ರೋಲಿನೊಡನೆ ಅಧಿಕ ಚಿಹ್ನೆ ಒತ್ತಿರಿ, ಅಕ್ಷರ ದೊಡ್ಡದಾಗುತ್ತದೆ. ಸೊನ್ನೆ ಒತ್ತಿದರೆ ಮೊದಲಿನಂತೆ. ಸ್ಪೇಸ್ ಪಟ್ಟಿ ಪುಟವನ್ನು ಕೆಳಗೆ ಉರುಳಿಸುತ್ತದೆ. ಶಿಫ್ಟ್ ಸೇರಿಸಿದರೆ ಮೇಲಕ್ಕೆ. ನನಗೆ ಪ್ರಿಯವಾದದ್ದು ಕಂಟ್ರೋಲ್, ಶಿಫ್ಟ್, ‘ಟಿ’: ಕೈತಪ್ಪಿ ಮುಚ್ಚಿದ ಪುಟ ತಿರುಗಿ ಬರುತ್ತದೆ. ಟೈಪ್‌ರೈಟರಿನ ಕಾಲದಲ್ಲಿ ಇಂಥ ಕರುಣೆ ಇರಲಿಲ್ಲ. ಹಾಳೆ ಹರಿದರೆ ಹರಿದಂತೆಯೇ.

ಇವು ಬಹುತೇಕ ಎಲ್ಲ ಬ್ರೌಸರುಗಳಲ್ಲೂ ನಡೆಯುತ್ತವೆ. ಕದ ಹಾಕಿಕೊಳ್ಳುವ ಕೀಲಿಗಳು ಮೂರು. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿದರೆ ಹಿಂದೆ ನೋಡಿದ್ದರ ದಾಖಲೆಯನ್ನೂ ಚೀಟಿಗಳನ್ನೂ ಗುಡಿಸಿ ಹಾಕುವ ಫಲಕ ಬರುತ್ತದೆ. ಕಂಟ್ರೋಲ್, ಶಿಫ್ಟ್, ‘ಎನ್’ ಒತ್ತಿದರೆ ಖಾಸಗಿ ಕಿಟಕಿ. ಅದನ್ನು ಮುಚ್ಚಿದಾಗ ಅಲ್ಲಿ ಓದಿದ್ದರ ದಾಖಲೆ ಯಂತ್ರದಲ್ಲಿ ಉಳಿಯುವುದಿಲ್ಲ. ಆದರೆ ನೆನಪಿಡಿ: ನಿಮ್ಮ ಜಾಲಸಂಪರ್ಕ ಕೊಡುವ ಕಂಪನಿಗೂ, ಕಚೇರಿಯಲ್ಲಿದ್ದರೆ ಯಜಮಾನನಿಗೂ, ನೀವು ಎಲ್ಲೆಲ್ಲಿಗೆ ಹೋದಿರೆಂಬುದು ಕಾಣಬಹುದು. ಅದು ಮನೆಯೊಳಗಿನ ಪರದೆಯೇ ಹೊರತು ಕೋಟೆಯಲ್ಲ. ಮೂರನೆಯದು ಆಲ್ಟ್, ಶಿಫ್ಟ್, ‘ಎನ್’; ಇದು 2018ರಲ್ಲಿ ಬ್ರೇವ್ ಸೇರಿಸಿದ ಟಾರ್ ಕಿಟಕಿ. ಟಾರಿನ ಮೂಲ ತತ್ವ 1990ರ ದಶಕದಲ್ಲಿ ಅಮೆರಿಕದ ನೌಕಾದಳದ ಸಂಶೋಧನಾಲಯದಲ್ಲಿ ಹುಟ್ಟಿತು. ನಮ್ಮ ಕೋರಿಕೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಮುಚ್ಚಿಕೊಂಡು ಮೂರು ಮನೆಗಳನ್ನು ದಾಟಿ ಹೋಗುತ್ತದೆ. ಮೊದಲ ಮನೆಗೆ ಕಳಿಸಿದವನು ಗೊತ್ತು, ಮುಟ್ಟುವ ಊರು ಗೊತ್ತಿಲ್ಲ. ಕೊನೆಯ ಮನೆಗೆ ಊರು ಗೊತ್ತು, ಕಳಿಸಿದವನು ಗೊತ್ತಿಲ್ಲ. ವೇಗ ಕಡಿಮೆ. ಪ್ರಾಣಾಪಾಯವಿರುವವರು ಇದನ್ನು ನಂಬದೆ ಟಾರಿನವರದೇ ಬ್ರೌಸರು ಬಳಸಬೇಕೆಂದು ಬ್ರೇವಿನವರೇ ಹೇಳುತ್ತಾರೆ. ಹಯಗ್ರೀವ ಮಾಡುವವರಿಗೆ ಇದರ ಅಗತ್ಯವಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಒಂದು ದಿನ ನಾನು ಬೆಳಿಗ್ಗೆ, ಹಳೆಯ ಅಭ್ಯಾಸದಂತೆ ಆಕೆ ಸ್ನಾನಕ್ಕೆ ಹೋದಾಗ, ಖಾಸಗಿ ಕಿಟಕಿಯನ್ನು ತೆರೆದು ಆ ರೋಗದ ಪುಟವನ್ನು ಓದುತ್ತಿದ್ದೆ. ಇನ್ನು ಯಾವ ಡಬ್ಬಿಯೂ ಚಾಡಿ ಹೇಳುವಂತಿಲ್ಲ. ಆದರೆ ಮನಸ್ಸಿಗೆ ಹಾಯೆನಿಸಲಿಲ್ಲ. ಜಾಹೀರಾತಿನವನಿಂದ ಮುಚ್ಚಿಡಬೇಕಾದದ್ದನ್ನು ಮುಚ್ಚಲಿಲ್ಲ. ಹೆಂಡತಿಗೆ ಹೇಳಬೇಕಾದದ್ದನ್ನು ಹೇಳಲಿಲ್ಲ. ನಾನು ಮಾಡಿದ ತಪ್ಪು ಎರಡು. ಸಿಂಹ ಕಾಯುವುದು ಮೊದಲನೆಯದನ್ನು ಮಾತ್ರ.

ಆಕೆ ತಲೆ ಒರೆಸಿಕೊಳ್ಳುತ್ತ ಬಂದಳು. ನಾನು ಕೀಲಿ ಒತ್ತಿ ಮುಚ್ಚಲಿಲ್ಲ. “ಬಾ, ಕೂಡು. ಇಬ್ಬರೂ ಓದೋಣ” ಎಂದು ಇನ್ನೊಂದು ಕುರ್ಚಿ ಎಳೆದೆ. ಆಕೆ ಕುಳಿತಳು. ಅರ್ಧ ತಾಸು ಓದಿದೆವು. ನಾನು ಓದುವುದು, ಆಕೆ ಕೇಳುವುದು. ನಡುವೆ ಎರಡು ಸಲ, “ಇದನ್ನ ಮತ್ತೊಮ್ಮೆ ಓದ್ರಿ” ಎಂದಳು.

ಮುಗಿದ ಮೇಲೆ ಕೇಳಿದಳು: “ಇದನ್ನ ಮುಚ್ಚಿದರ, ಆ ಮೂರು ಕೀಲಿ ಒತ್ತಿದರ ಬರತದ ಅಲ್ಲ?”

“ಈ ಕಿಟಕಿಯಲ್ಲಿ ಬರೂದಿಲ್ಲ. ಖಾಸಗಿ ಕಿಟಕಿ ಮುಚ್ಚಿದ್ದನ್ನ ನೆನಪಿಡೂದಿಲ್ಲ” ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದರ ಹೊರಗಿನ ಕಿಟಕ್ಯಾಗ ತಗೀರಿ, ಗುರುತೂ ಇಡ್ರಿ. ಮರೀಲಿಕ್ಕೆ ನಾ ಒಬ್ಬಾಕೀನ ಸಾಕು. ನಾಳೆ ನನಗ ಮತ್ತ ಓದಬೇಕಾಗತದ” ಎಂದಳು.

ಹಾಗೆಯೇ ಮಾಡಿದೆ. ಸಾಮಾನ್ಯ ಕಿಟಕಿಯಲ್ಲಿ ಆ ಪುಟವನ್ನು ತೆರೆದು, ಕಂಟ್ರೋಲ್ ಹಿಡಿದು ‘ಡಿ’ ಒತ್ತಿದೆ. ಮೇಲೆ ಸಿಂಹ ತನ್ನ ಲೆಕ್ಕ ಹಾಕುತ್ತಲೇ ಇತ್ತು. ಗುರುತಿಗೆ ಹೆಸರು ಏನಿಡಲಿ ಎಂದು ಕೇಳಿದ್ದಕ್ಕೆ ಆಕೆ, “ಹಯಗ್ರೀವ ಅಂತ ಇಡ್ರಿ, ಬಂದವರು ನೋಡಿದರ ಅಡಗಿ ಅಂತ ತಿಳೀತಾರ” ಎಂದು ನಕ್ಕಳು. ಹಾಲಿನ ಲೆಕ್ಕದ ಪುಸ್ತಕದಲ್ಲಿ, ಕೀಲಿಗಳ ಪಟ್ಟಿಯ ಕೆಳಗೆ, ಅದನ್ನೂ ತನ್ನ ಕೈಯಿಂದಲೇ ಬರೆದಿಟ್ಟಿದ್ದಾಳೆ.