ಕಾರ್ನರಿಗೆ ಯಾರು ನಿಲ್ಲಬೇಕಿತ್ತು

2018ರ ಯುಗಾದಿ ಅಮಾವಾಸ್ಯೆಗೆ ನಾನು ಊರಿಗೆ ಹೋಗಬೇಕಿತ್ತು. ಧಾರವಾಡದಿಂದ ರೋಣದ ಬಸ್ಸು ಹಿಡಿಯುವ ಬದಲು ಬೆಂಗಳೂರಿನ ರೈಲು ಹತ್ತಿದೆ. ಅವ್ವನಿಗೆ ಫೋನಿನಲ್ಲಿ ಪರೀಕ್ಷೆಯ ನೆಪ ಹೇಳಿದ್ದೆ. ನಿಜವೆಂದರೆ ಮಾರ್ಚ್ 17ರ ಶನಿವಾರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ಮತ್ತು ಚೆನ್ನೈಯಿನ್ ಎಫ್.ಸಿ. ನಡುವೆ ಇಂಡಿಯನ್ ಸೂಪರ್ ಲೀಗಿನ ಫೈನಲ್ ಇತ್ತು. ಮೂರು ಟಿಕೆಟ್ ತೆಗೆದಿದ್ದೆವು: ನನಗೆ, ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ನರಗುಂದದ ಗೆಳೆಯನಿಗೆ, ಗಜೇಂದ್ರಗಡದ ಇನ್ನೊಬ್ಬನಿಗೆ. ಆ ಮೂರನೆಯವನು ಬರಲಿಲ್ಲ. ಅವನ ಕುರ್ಚಿಯ ಮೇಲೆ ನಮ್ಮ ಚೀಲಗಳನ್ನಿಟ್ಟು ಕೂತೆವು. ಅವನು ಏಕೆ ಬರಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ.

ರೋಣದ ಹುಡುಗನಿಗೆ ಫುಟ್ಬಾಲ್ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹೊರಗಿನವರಿಗೆ ನಮ್ಮೂರು ಭೀಮಸೇನ ಜೋಶಿಯವರು ಹುಟ್ಟಿದ ಊರು. ಆಟದ ಮಾತು ಬಂದರೆ ಇಡೀ ಜಿಲ್ಲೆಗೆ ಇನ್ನೊಬ್ಬ ಜೋಶಿ ಇದ್ದಾರೆ. ಗದುಗಿನಿಂದ ಹುಬ್ಬಳ್ಳಿಗೆ ಓಡಾಡಿ ಅಭ್ಯಾಸ ಮಾಡಿ ದೇಶಕ್ಕೆ ಟೆಸ್ಟ್ ಆಡಿದ ಸುನಿಲ್ ಜೋಶಿ. ಉಳಿದಂತೆ ಕಬಡ್ಡಿ, ಕುಸ್ತಿ, ಫಸಲು ತೆಗೆದ ಎರೆಹೊಲದಲ್ಲಿ ಕ್ರಿಕೆಟ್ಟು. ಎರೆ ಬಿರುಕು ಬಿಟ್ಟಾಗ ಚೆಂಡು ಎತ್ತ ತಿರುಗುತ್ತದೆಂದು ಹೇಳಲಾಗದ ಕಾರಣ ನಮ್ಮಲ್ಲಿ ಎಲ್ಲರೂ ಸ್ಪಿನ್ನರುಗಳೇ!

ನನಗೆ ಹುಚ್ಚು ಹತ್ತಿದ್ದು 2015ರ ಮೇ 31ರಂದು. ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿ ಬೇಸಿಗೆ ರಜೆ ಕಳೆಯುತ್ತಿದ್ದೆ. ಟಿವಿಯಲ್ಲಿ ಐ-ಲೀಗಿನ ಕೊನೆಯ ಪಂದ್ಯ ನಡೆದಿತ್ತು. ಬೆಂಗಳೂರು ಎಫ್.ಸಿ. ಹುಟ್ಟಿ ಎರಡೇ ವರ್ಷ. ಮೊದಲ ವರ್ಷವೇ ಲೀಗ್ ಗೆದ್ದಿತ್ತು. ಈಗ ಕಂಠೀರವದಲ್ಲಿ ಮೋಹನ್ ಬಾಗಾನನ್ನು ಸೋಲಿಸಿದರೆ ಮತ್ತೆ ಪ್ರಶಸ್ತಿ, ಬಾಗಾನಿಗೆ ಡ್ರಾ ಆದರೂ ಸಾಕು. ಮಳೆ ಹೊಡೆಯುತ್ತಿತ್ತು. ಜಾನ್ ಜಾನ್ಸನ್ ಗೋಲು ಹೊಡೆದು ಮುನ್ನಡೆ ತಂದುಕೊಟ್ಟಿದ್ದ. 87ನೇ ನಿಮಿಷದಲ್ಲಿ ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದ. ಮೂರು ನಿಮಿಷ ಉಳಿದಿತ್ತಷ್ಟೇ. ಮಾವ ಚಾನೆಲ್ ಬದಲಿಸಿದರು. ನಾನು ರಿಮೋಟ್ ಕಸಿದುಕೊಂಡೆ. ಗೆದ್ದ ತಂಡಕ್ಕೆ ಅಭಿಮಾನಿಯಾದವರನ್ನು ಕಂಡಿದ್ದೇನೆ, ನನ್ನದು ಮಾತ್ರ ಸೋಲಿನಿಂದಲೇ ಶುರುವಾದ ಸಂಸಾರ.

ಧಾರವಾಡಕ್ಕೆ ಬಂದ ಮೇಲೆ ಹಾಸ್ಟೆಲಿನಲ್ಲಿ ತಂಡ ಕಟ್ಟಿದೆ. ನಾನೇ ನಾಯಕ, ನಾನೇ ತರಬೇತುದಾರ. ಯಾರಿಗೂ ಗೊತ್ತಿಲ್ಲದ ಆಟಕ್ಕೆ ಯಾರು ಬೇಕಾದರೂ ಗುರುವಾಗಬಹುದು. ನರಗುಂದದವನು ಗೋಲ್‌ಕೀಪರ್. ಮಾತಿಗೆ ಮುಂಚೆ ಬಂಡಾಯ ಹೂಡುವ ಊರಿನವನಾದ್ದರಿಂದ ಅವನಿಗೆ ರೆಫರಿಯ ಜೊತೆ ಜಗಳವಾಡುವ ಕೆಲಸವನ್ನೂ ಒಪ್ಪಿಸಿದ್ದೆ. ಗಜೇಂದ್ರಗಡದವನನ್ನು ನಾವು 'ಗಡ' ಎಂದೇ ಕರೆಯುತ್ತಿದ್ದೆವು. ನೇಕಾರರ ಮನೆಯ ಹುಡುಗ, ಕುಳ್ಳ, ಮಾತು ಕಡಿಮೆ. ಎಡಗಡೆ ಹಿಂದೆ ಆಡುತ್ತಿದ್ದ. ಬೆಳಗಿನ ಅಭ್ಯಾಸವನ್ನು ಒಂದು ದಿನವೂ ತಪ್ಪಿಸಲಿಲ್ಲ. ಎತ್ತರದವರ ಮುಂದೆ ಅವನು ಜಿಗಿದು ಗೆಲ್ಲುವುದು ಸಾಧ್ಯವಿರಲಿಲ್ಲ. ಹಾಗಾಗಿ ಕಾರ್ನರ್ ಕಿಕ್ಕಿನ ಹೊತ್ತಿಗೆ ಎದುರಾಳಿಯ ಮೈಗೆ ಅಂಟಿಕೊಂಡು ನಿಂತು ಅವನನ್ನು ಜಿಗಿಯಲು ಬಿಡುತ್ತಿರಲಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ.

2018ರ ಫೆಬ್ರುವರಿಯಲ್ಲಿ ಒಂದು ಸಣ್ಣ ಟೂರ್ನಿ ನಡೆಯಿತು. ಲೀಗಿನ ಹಂತದ ನಾಲ್ಕೂ ಪಂದ್ಯ ಗೆದ್ದೆವು. ನಾಲ್ಕರಲ್ಲೂ ಗಡ ಆಡಿದ. ಸೆಮಿಫೈನಲ್ಲಿನ ಹಿಂದಿನ ಸಂಜೆ ಒಬ್ಬ ಸೀನಿಯರ್ ಬಂದು, ನಾಳೆ ನಾನೂ ಆಡುತ್ತೇನೆ ಎಂದರು. ನಮ್ಮ ಪ್ರವೇಶ ಶುಲ್ಕ ಕಟ್ಟಿದ್ದು ಅವರೇ. ಅಭ್ಯಾಸಕ್ಕೆ ಬಂದಿದ್ದು ಎರಡು ಸಲವೋ ಮೂರು ಸಲವೋ. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಯಾರನ್ನು ಬಿಡಬೇಕು ಎಂದು ಯೋಚಿಸಿದಾಗ ಜಗಳ ಮಾಡದವನ ಮುಖವೇ ಮೊದಲು ಕಣ್ಣ ಮುಂದೆ ಬಂತು. ಗಡ ಸುಮ್ಮನೆ ತಲೆಯಾಡಿಸಿ, ನೀರಿನ ಬಾಟಲಿಗಳನ್ನು ತುಂಬಿಸಿಕೊಂಡು ಗೆರೆಯ ಆಚೆ ನಿಂತ. ದ್ವಿತೀಯಾರ್ಧದಲ್ಲಿ ಅವರಿಗೊಂದು ಕಾರ್ನರ್ ಸಿಕ್ಕಿತು. ಸೀನಿಯರ್ ಚೆಂಡನ್ನೇ ನೋಡುತ್ತ ನಿಂತರು, ಅವರ ಹಿಂದಿನಿಂದ ಬಂದವನು ತಲೆಗೊಟ್ಟ. 1–0. ಮುಗಿಯಿತು.

ಅದಾದ ಮೇಲೆ ಗಡ ಅಭ್ಯಾಸಕ್ಕೆ ಬರಲಿಲ್ಲ. ಬೆಂಗಳೂರಿಗೂ ಬರಲಿಲ್ಲ. ಟಿಕೆಟ್ಟಿನ ದುಡ್ಡನ್ನು ಮಾತ್ರ ಮೊದಲೇ ಕೊಟ್ಟಿದ್ದ, ವಾಪಸು ಕೇಳಲೂ ಇಲ್ಲ.

ಇನ್ನು ಕಂಠೀರವ. ಆ ವರ್ಷ ನಮ್ಮ ತಂಡ ಲೀಗನ್ನು ಹೇಗೆ ಆಳಿತ್ತೆಂದರೆ 18 ಪಂದ್ಯಗಳಲ್ಲಿ 40 ಅಂಕ, ಎರಡನೆಯ ಸ್ಥಾನದ ಚೆನ್ನೈಗಿಂತ ಎಂಟು ಹೆಚ್ಚು. ಫೈನಲ್ಲಿನ 9ನೇ ನಿಮಿಷದಲ್ಲಿ ಉದಾಂತ ಕೊಟ್ಟ ಚೆಂಡಿಗೆ ಸುನಿಲ್ ಛೆಟ್ರಿ ಹಾರಿ ತಲೆಗೊಟ್ಟಾಗ ಎಲ್ಲ ಮುಗಿದೇಹೋಯಿತು ಎಂದುಕೊಂಡೆ. ಎಂಟು ನಿಮಿಷದ ನಂತರ ಚೆನ್ನೈಗೆ ಕಾರ್ನರ್, ಮೈಲ್ಸನ್ ಆಲ್ವೆಸ್‌ನ ತಲೆ, ಗೋಲು. ಅರ್ಧ ಸಮಯಕ್ಕೆ ಸರಿಯಾಗಿ ಮತ್ತೊಂದು ಕಾರ್ನರ್. ಮತ್ತೆ ಅದೇ ಮೈಲ್ಸನ್, ಅದೇ ತಲೆ. ನರಗುಂದದವನು ನನ್ನ ಕಡೆ ತಿರುಗಿ ನೋಡಿದ. ಏನೂ ಅನ್ನಲಿಲ್ಲ. ಇಬ್ಬರ ನಡುವಿನ ಕುರ್ಚಿಯಲ್ಲಿ ಚೀಲಗಳಿದ್ದವು. ಕೊನೆಗೆ 3–2. ಮಿಕು ಹೊಡೆದ ಎರಡನೆಯ ಗೋಲು ಬಂದಿದ್ದು ಹೆಚ್ಚುವರಿ ನಿಮಿಷಗಳಲ್ಲಿ, ಸಮಾಧಾನಕ್ಕೂ ಸಾಲದಷ್ಟು ತಡವಾಗಿ.

ಯುಗಾದಿಯ ದಿನ ಮಧ್ಯಾಹ್ನ ಊರು ಮುಟ್ಟಿದೆ. ಸುಳ್ಳು ಹೇಳಿದ್ದು ಅವ್ವನಿಗೆ ಮುಖ ನೋಡಿಯೇ ಗೊತ್ತಾಯಿತು. ಬೇವು ಕುಡಿಯಲು ಕೊಟ್ಟಳು, ಬೈಗುಳ ಆಮೇಲೆ. ನಾನು ಅಪ್ಪನ ಮುಂದೆ ಪ್ಲೇಆಫ್ ಎಂಬ ಅನ್ಯಾಯವನ್ನು ತೋಡಿಕೊಂಡೆ. ನಾಲ್ಕು ತಿಂಗಳು ಎಲ್ಲರಿಗಿಂತ ಚೆನ್ನಾಗಿ ಆಡಿದವರನ್ನು ಒಂದು ರಾತ್ರಿಯ ಆಟದಿಂದ ಸೋತವರೆಂದು ಹೇಗೆ ಕರೆಯುವುದು? ಹಿಂಗಾರಿ ಜೋಳ ಕಣಕ್ಕೆ ಬಂದ ಮೇಲೆ ಅಡ್ಡಮಳೆ ಹೊಡೆದ ಹಾಗಲ್ಲವೇ? ಅಪ್ಪನಿಗೆ ಫುಟ್ಬಾಲ್ ಗೊತ್ತಿಲ್ಲ, ಕಣ ಗೊತ್ತು. "ಮಳಿ ಎಲ್ಲಾರ ಕಣದಾಗೂ ಬಿತ್ತಲ್ಲೋ. ತಾಡಪತ್ರಿ ಹೊಚ್ಚಿದಾಂವಂದು ಉಳೀತು" ಎಂದರು. ನನಗೆ ಸಿಟ್ಟು ಬಂತು.

ಆ ಸಿಟ್ಟಿನಲ್ಲಿ ಒಂದು ಪಾಲು ಈಗಲೂ ಇದೆ. ಲೀಗಿನಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ ಐ.ಎಸ್.ಎಲ್.ನಲ್ಲಿ ಶುರುವಾಗಿದ್ದು 2019-20ರಲ್ಲಿ. ನಮ್ಮವರು ಮೊದಲು ಬಂದಿದ್ದು ಅದಕ್ಕೂ ಹಿಂದಿನ ಎರಡು ವರ್ಷ. ಇದನ್ನು ನಾನು ಮದುವೆ ಮನೆಗಳಲ್ಲೂ ಹೇಳಿದ್ದೇನೆ. ಯಾರೂ ಕೇಳಿಸಿಕೊಳ್ಳುವುದಿಲ್ಲ.

ಆದರೆ ತಾಡಪತ್ರಿಯ ಮಾತು ಮನಸ್ಸಿನಲ್ಲಿ ಉಳಿಯಿತು. ಮರುವರ್ಷ ಏನಾಯಿತು ನೋಡಿ. ಕೋಚ್ ಆಲ್ಬರ್ಟ್ ರೋಕಾ ಹೊರಟುಹೋದರು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಫೈನಲ್ಲಿಗೆ ಭಾರತದ ಕ್ಲಬ್ಬೊಂದನ್ನು ಮೊದಲ ಸಲ ಕರೆದೊಯ್ದವರು ಅವರು. ಕ್ಲಬ್ಬು ಅವರ ಜಾಗಕ್ಕೆ ಹೊರಗಿನ ದೊಡ್ಡ ಹೆಸರನ್ನು ತರಲಿಲ್ಲ. ಕಂಠೀರವದ ಆ ರಾತ್ರಿ ರೋಕಾ ಪಕ್ಕದಲ್ಲಿದ್ದ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಕೂರಿಸಿತು. ತಂಡದ ಬೆನ್ನೆಲುಬೂ ಹಾಗೇ ಉಳಿಯಿತು. 2019ರ ಮಾರ್ಚ್ 17, ಸರಿಯಾಗಿ ಒಂದು ವರ್ಷಕ್ಕೆ, ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. 117ನೇ ನಿಮಿಷದವರೆಗೂ ಗೋಲಿಲ್ಲ. ಆಮೇಲೆ ದಿಮಾಸ್ ದೆಲ್ಗಾದೊ ತೆಗೆದ ಕಾರ್ನರಿಗೆ ರಾಹುಲ್ ಭೇಕೆ ತಲೆಗೊಟ್ಟ. ಕಾರ್ನರಿನಲ್ಲಿ ಕಳೆದುಕೊಂಡಿದ್ದು ಕಾರ್ನರಿನಲ್ಲೇ ಬಂತು. ಹಾಸ್ಟೆಲಿನ ಮಂಚದ ಮೇಲೆ ನಿಂತು ಕುಣಿದೆ, ಮಂಚದ ಒಂದು ಕಾಲು ಮುರಿಯಿತು.

ಇದನ್ನು ಕಾಕತಾಳೀಯ ಎನ್ನುವವರಿದ್ದಾರೆ. ಇರಬಹುದು. ನನ್ನ ನಂಬಿಕೆ ಬೇರೆ. ತಂಡ ಕಟ್ಟುವುದೆಂದರೆ ಒಳ್ಳೆಯ ಆಟಗಾರರನ್ನು ಕೊಂಡು ತರುವುದು ಅರ್ಧ ಕೆಲಸ. ಹಿಂದಿನ ಸೋಲು ಎಲ್ಲಿ ಒಳಗೆ ನುಗ್ಗಿತು ಎಂಬುದು ನೆನಪಿರುವವರನ್ನು ಉಳಿಸಿಕೊಳ್ಳುವುದು ಇನ್ನರ್ಧ. 2021ರ ಜನವರಿಯಲ್ಲಿ ಕ್ವಾದ್ರಾತ್ ಹೋದರು. ಆಮೇಲೆ ಮೂರು ವರ್ಷದೊಳಗೆ ಮೂವರು ಹೊಸಬರು ಬಂದರು: ಪೆಜ್ಜಾಯುವೊಲಿ, ಗ್ರೇಸನ್, ಜರಗೋಜಾ. ಪ್ರತಿಯೊಬ್ಬರೂ ಸೊನ್ನೆಯಿಂದ ಶುರು ಮಾಡಿದರು. ನಾನು ಪಿಎಚ್.ಡಿ.ಗೆ ಸೇರಿ ಗೀಗೀ ಪದಗಳ ಬೆನ್ನು ಹತ್ತಿ ಊರೂರು ತಿರುಗುವಾಗ ಇದು ಇನ್ನಷ್ಟು ತಿಳಿಯಿತು. ಮುಂದೆ ಹಾಡುವವನ ಹೆಸರನ್ನೇ ಎಲ್ಲರೂ ಹೇಳುತ್ತಾರೆ. ಅವನಿಗೆ ಉಸಿರು ಸಾಲದ ಕಡೆ ಸೊಲ್ಲು ಎತ್ತಿಕೊಳ್ಳುವವರು ಹಿಮ್ಮೇಳದವರು. ಅವರನ್ನು ವರ್ಷವರ್ಷ ಬದಲಿಸಿದರೆ ಮೇಳ ನಿಲ್ಲುವುದಿಲ್ಲ, ಆದರೆ ಹಾಡುವವನು ಬೇಗ ದಣಿಯುತ್ತಾನೆ. ನಲವತ್ತರ ಛೆಟ್ರಿಯೇ ಇನ್ನೂ ಗೋಲು ಹೊಡೆಯಬೇಕಾಗಿ ಬಂದಿದ್ದು ಅವರ ಹೆಮ್ಮೆ, ನಮ್ಮ ತಂಡದ ಬಡತನ.

ನರಗುಂದದವನು ಇದನ್ನು ಒಪ್ಪುವುದಿಲ್ಲ. "ಛೆಟ್ರಿ, ಗುರ್‌ಪ್ರೀತ್ ಎರಡೂ ಕಾಲದಾಗ ಅದಾರಲ್ಲ, ಅವರಿಗೆ ನೆನಪಿಲ್ಲೇನು?" ಎನ್ನುತ್ತಾನೆ. ನನ್ನ ಬಳಿ ಸರಿಯಾದ ಉತ್ತರವಿಲ್ಲ. ಇನ್ನೂ ಒಂದು ಕಡೆ ಅವನು ನನ್ನನ್ನು ಸಿಕ್ಕಿಸುತ್ತಾನೆ. 2023ರಲ್ಲಿ ನಾವು ಲೀಗಿನಲ್ಲಿ ನಾಲ್ಕನೆಯವರು. ಮಾರ್ಚ್ 3ರ ನಾಕೌಟಿನಲ್ಲಿ ಕೇರಳದವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೆಟ್ರಿ ಫ್ರೀ ಕಿಕ್ ಒದ್ದರು, ಕೇರಳದ ತಂಡ ಮೈದಾನ ಬಿಟ್ಟು ಹೋಯಿತು, ನಾವು ಮುಂದೆ ಹೋದೆವು. ಸೆಮಿಫೈನಲ್ಲಿನಲ್ಲಿ ಲೀಗಿಗೇ ಮೊದಲು ಬಂದಿದ್ದ ಮುಂಬೈಯನ್ನು ಪೆನಾಲ್ಟಿಯಲ್ಲಿ 9–8ರಿಂದ ಹೊರಗಟ್ಟಿದೆವು. ಆಗ ಪ್ಲೇಆಫ್ ಅನ್ಯಾಯ ಎಂದು ನಾನು ಒಂದು ಮಾತೂ ಆಡಲಿಲ್ಲ. ಫೈನಲ್ಲಿನಲ್ಲಿ ಬಾಗಾನ್ ನಮ್ಮನ್ನು ಪೆನಾಲ್ಟಿಯಲ್ಲೇ ಸೋಲಿಸಿದ ಮೇಲೆ ಮತ್ತೆ ನೆನಪಾಯಿತು. (ಆ ಫ್ರೀ ಕಿಕ್ಕಿನ ಗದ್ದಲದಲ್ಲಿ ನಮಗೆ ಇನ್ನೊಂದು ಸುದ್ದಿ ತಪ್ಪಿಯೇಹೋಯಿತು. ಮರುದಿನ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರ ಮೊದಲ ಸಲ, ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ಹಾಸ್ಟೆಲಿನಲ್ಲಿ ಅದರ ಬಗ್ಗೆ ಮಾತಾಡಿದವರು ನಾವಿಬ್ಬರೇ, ಅದೂ ಎರಡು ದಿನ ತಡವಾಗಿ.)

2025ರ ಏಪ್ರಿಲಿನಲ್ಲಿ ಪದ ಹಾಡುವ ಒಬ್ಬ ಅಜ್ಜನನ್ನು ಧ್ವನಿಮುದ್ರಿಸಿಕೊಳ್ಳಲು ಗಜೇಂದ್ರಗಡಕ್ಕೆ ಹೋಗಿದ್ದೆ. 12ರ ಶನಿವಾರ ಕೆಲಸ ಮುಗಿಯಿತು. ಅಂದೇ ರಾತ್ರಿ ಫೈನಲ್, ಎದುರಾಳಿ ಮತ್ತೆ ಬಾಗಾನ್, ಕೋಲ್ಕತ್ತದಲ್ಲಿ. ನಾವು ಲೀಗಿನಲ್ಲಿ ಮೂರನೆಯವರು. ನಾಕೌಟಿನಲ್ಲಿ ಮುಂಬೈಗೆ 5–0 ಕೊಟ್ಟು, ಗೋವಾ ವಿರುದ್ಧ ಕೊನೆಯ ಗಳಿಗೆಯಲ್ಲಿ ಛೆಟ್ರಿ ತಲೆಗೊಟ್ಟು ಉಳಿಸಿದ ತಂಡ. ಬಸ್ ನಿಲ್ದಾಣಕ್ಕೆ ಹೋಗಬೇಕಾದವನು ಕೇಳಿಕೊಂಡು ಗಡನ ಮನೆಗೆ ಹೋದೆ. ಏಳು ವರ್ಷಗಳ ಮೇಲೆ. ಅವನೇ ಬಾಗಿಲು ತೆಗೆದ. ಸ್ವಲ್ಪ ದಪ್ಪವಾಗಿದ್ದ. ಒಳಗೆ ಮಗ್ಗ ನಡೆಯುತ್ತಿತ್ತು. ಅದನ್ನು ನಿಲ್ಲಿಸಿ ಚಹಾ ತರಿಸಿದ. ಮ್ಯಾಚ್ ನೋಡುತ್ತೀಯಾ ಎಂದು ನಾನು ಕೇಳುವ ಮೊದಲೇ ಅವನ ಮೊಬೈಲಿನಲ್ಲಿ ಅದು ಶುರುವಾಗಿತ್ತು.

ಕಟ್ಟೆಯ ಮೇಲೆ ಕೂತು ನೋಡಿದೆವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತಿದ್ದವು. 49ನೇ ನಿಮಿಷದಲ್ಲಿ ಬಾಗಾನಿನವನೇ ತನ್ನ ಗೋಲಿಗೆ ಹೊಡೆದುಕೊಂಡು ನಮಗೆ ಮುನ್ನಡೆ ಕೊಟ್ಟ. 72ಕ್ಕೆ ಪೆನಾಲ್ಟಿ, ಕಮಿಂಗ್ಸ್, 1–1. ಅಲ್ಲಿಂದ ಗಡ ಗೋಲನ್ನಾಗಲಿ ಚೆಂಡನ್ನಾಗಲಿ ನೋಡಲೇ ಇಲ್ಲ ಎಂದು ಕಾಣುತ್ತದೆ. "ಅಂವನ ಹಿಂದ ಯಾರೂ ಇಲ್ಲ ನೋಡು," "ಇಂವಾ ಚೆಂಡ್ ನೋಡಾಕತ್ಯಾನ, ಮನಶ್ಯಾನ್ನ ನೋಡವಲ್ಲ" ಎಂದು ಹೇಳುತ್ತ ಹೋದ. ಟಿವಿಯ ಪಂಡಿತರು ಒಂದು ಗಂಟೆಯಲ್ಲಿ ಹೇಳದ್ದನ್ನು ಅವನು ಹತ್ತು ನಿಮಿಷದಲ್ಲಿ ಹೇಳಿದ. 96ನೇ ನಿಮಿಷದಲ್ಲಿ ಮೆಕ್ಲಾರನ್ ಗೋಲು ಹೊಡೆದ. ನೆಟ್‌ವರ್ಕ್ ತಡವಾಗಿದ್ದರಿಂದ ನರಗುಂದದವನ ಬೈಗುಳದ ಸಂದೇಶ ನನಗೆ ಗೋಲಿಗಿಂತ ಮೊದಲು ಬಂತು. 2–1. ಮುಗಿಯಿತು.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಏಳು ವರ್ಷದಿಂದ ಹೇಳಬೇಕೆಂದುಕೊಂಡಿದ್ದನ್ನು ಹೇಳಲು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವನೇ ಕೇಳಿದ:

"ಆ ಸೆಮಿಫೈನಲ್ಲಿಗೆ ಅಂವಾ ಎಷ್ಟು ರೊಕ್ಕ ಕಟ್ಟಿದ್ದ?"

"ಒಂದೂವರೆ ಸಾವಿರ."

"ನಾ ಮೂರು ಸಾವಿರ ಅನ್ಕೊಂಡಿದ್ದೆ," ಎಂದ. ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದ. ಮಗ್ಗ ಮತ್ತೆ ಶುರುವಾಯಿತು.