ಮೋಟಾರು ಪಂದ್ಯಕ್ಕೆ ತಕ್ಕ ನೆಲ ಯಾವುದು?

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಚೆನ್ನೈ ಇನ್ನು ಸುಮಾರು ೪೦ ಕಿಲೋಮೀಟರು ದೂರವಿದೆ ಎನ್ನುವಾಗ ಶ್ರೀಪೆರುಂಬುದೂರು ಸಿಕ್ಕುತ್ತದೆ. ಕನ್ನಡಿಗರಿಗೆ ಈ ಊರಿನ ಹೆಸರು ಹೊಸದಲ್ಲ. ಮೇಲುಕೋಟೆಯಲ್ಲಿ ನೆಲಸಿ ನಮ್ಮವರೇ ಆಗಿಹೋದ ಶ್ರೀರಾಮಾನುಜಾಚಾರ್ಯರ ಜನ್ಮಸ್ಥಳವಿದು. ಆಚಾರ್ಯರ ಸನ್ನಿಧಿಯನ್ನು ಕಂಡು ಹಿಂದಿರುಗುವ ಯಾತ್ರಿಕರಲ್ಲಿ ಬಹುಮಂದಿಗೆ, ಅಲ್ಲಿಂದ ಚೆನ್ನೈಯ ಕಡೆಗೆ ಸ್ವಲ್ಪ ಮುಂದೆ, ಇರುಂಗಾಟ್ಟುಕೋಟೆ ಎಂಬಲ್ಲಿ ಬೇರೊಂದು ಬಗೆಯ ಜಾತ್ರೆ ಸೇರುವುದು ತಿಳಿದಿರಲಾರದು. ಮದರಾಸಿನ ಮೋಟಾರು ಕ್ರೀಡಾ ಸಂಘದವರು ೧೯೯೦ರಲ್ಲಿ ತೆರೆದ ಪಂದ್ಯದ ಪಥ ಅಲ್ಲಿದೆ. ಸುಮಾರು ೩.೭ ಕಿಲೋಮೀಟರು ಉದ್ದದ ಈ ದಾರಿ ಎಲ್ಲಿಗೂ ಹೋಗುವುದಿಲ್ಲ. ಬಾಗಿ ಬಳುಕಿ ಹೊರಟಲ್ಲಿಗೇ ಬಂದು ಸೇರುತ್ತದೆ. ಕಾರುಗಳೂ ಮೋಟಾರು ಸೈಕಲ್ಲುಗಳೂ ಅದರ ಮೇಲೆ ಜಿದ್ದು ಕಟ್ಟಿ ಓಡುತ್ತವೆ.

ಸಂಸಾರಿಗಳಾದ ನಮಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಗಾಡಿಯನ್ನೋಡಿಸುವ ಸಾಹಸಿ ತನ್ನ ಅಪಾಯವನ್ನು ತಿಳಿದೇ ಪೀಠದಲ್ಲಿ ಕೂರುತ್ತಾನೆ. ಅವನನ್ನು ನೋಡಲೆಂದು ಮಗುವಿನ ಕೈ ಹಿಡಿದು ಬಂದ ತಂದೆಯಾದರೋ ಅಂಥ ಯಾವ ಕರಾರಿಗೂ ಒಪ್ಪಿದವನಲ್ಲ. ಆದುದರಿಂದ ಪಂದ್ಯ ಎಲ್ಲಿ ನಡೆಯಬೇಕೆಂಬ ಪ್ರಶ್ನೆ ಓಡಿಸುವವರಿಗಿಂತಲೂ ನೋಡುವವರಿಗೆ ಹೆಚ್ಚು ಸೇರಿದ್ದು.

ಓಟವನ್ನು ನೋಡುವ ಆಸೆ ನಮ್ಮ ನಾಡಿಗೆ ಹಳೆಯದೇ. ತುಳುನಾಡಿನ ಕಂಬಳದಲ್ಲಿ ಕೋಣಗಳು ಓಡುವ ಕೆಸರುಗದ್ದೆ ನೂರೈವತ್ತು ಮೀಟರಿನ ಆಸುಪಾಸಿನದು. ಬದಿಯಲ್ಲಿ ನಿಂತವನಿಗೆ ಓಟದ ಮೊದಲೂ ಕೊನೆಯೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಮೋಟಾರು ಗಾಡಿಗೆ ಇಷ್ಟು ನೆಲ ಏತಕ್ಕೂ ಸಾಲದು. ಘಂಟೆಗೆ ೨೦೦ ಕಿಲೋಮೀಟರಿನ ವೇಗವೆಂದರೆ ಒಂದು ಸೆಕೆಂಡಿಗೆ ೫೫ ಮೀಟರಿಗೂ ಹೆಚ್ಚು; ನಾವು ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ಗಾಡಿ ಕಂಬಳದ ಗದ್ದೆಯನ್ನು ದಾಟಿಹೋಗಿರುತ್ತದೆ. ಇಂಥದಕ್ಕೆ ತಕ್ಕ ನೆಲವನ್ನು ಹುಡುಕುವುದರಲ್ಲಿ ಲೋಕವು ತೆತ್ತ ಬೆಲೆ ಸಣ್ಣದಲ್ಲ.

ಮೋಟಾರು ಹುಟ್ಟಿದ ಹೊಸದರಲ್ಲಿ ಪಂದ್ಯಗಳು ಊರಿಂದೂರಿಗೆ, ಸಾರ್ವಜನಿಕರ ರಸ್ತೆಯ ಮೇಲೆಯೇ ನಡೆಯುತ್ತಿದ್ದುವು. ೧೯೦೩ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಒಂದು ಪಂದ್ಯ ಹೊರಟಿತು. ದಾರಿಯುದ್ದಕ್ಕೂ ಜನ ಕಿಕ್ಕಿರಿದಿದ್ದರು. ಗಾಡಿ ಬಂದಾಗ ಇಬ್ಭಾಗವಾಗಿ ಸರಿದು, ಹೋದೊಡನೆ ಮತ್ತೆ ದಾರಿಯ ಮೇಲೆ ಕೂಡಿಕೊಳ್ಳುತ್ತಿದ್ದರು. ಎದ್ದ ಧೂಳಿನಲ್ಲಿ ಹಿಂದಿನ ಚಾಲಕನಿಗೆ ಮುಂದಿನದು ಕಾಣದು. ರೆನೋ ಕಾರಿನ ಸಂಸ್ಥಾಪಕರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಸೇರಿದಂತೆ ಹಲವರು ಸತ್ತರು. ಸತ್ತವರಲ್ಲಿ ನೋಡಲು ಬಂದವರೂ ಇದ್ದರು. ಸರಕಾರವು ಪಂದ್ಯವನ್ನು ಬೋರ್ಡೊ ನಗರದಲ್ಲಿಯೇ ನಿಲ್ಲಿಸಿತು. ಇಷ್ಟಾದರೂ ರಸ್ತೆಯ ಮೋಹ ಬಿಡಲಿಲ್ಲ. ಇಟಲಿಯಲ್ಲಿ ಬ್ರೆಶಿಯಾ ನಗರದಿಂದ ರೋಮಿಗೆ ಹೋಗಿ ಹಿಂದಿರುಗುವ ಸಾವಿರ ಮೈಲಿಗಳ ಪಂದ್ಯವೊಂದು ೧೯೨೭ರಿಂದ ನಡೆದುಬಂತು. ೧೯೫೭ರ ಮೇ ೧೨ರಂದು ಗ್ವಿದಿತ್ಸೋಲೊ ಎಂಬ ಹಳ್ಳಿಯ ಬಳಿ ಒಂದು ಕಾರಿನ ಟೈರು ಸಿಡಿದು, ಇಬ್ಬರು ಸವಾರರೂ ದಾರಿಯ ಬದಿಯಲ್ಲಿದ್ದ ಒಂಬತ್ತು ಮಂದಿಯೂ ಮಡಿದರು. ಆ ಒಂಬತ್ತರಲ್ಲಿ ಐವರು ಮಕ್ಕಳು. ವೇಗದ ಪಂದ್ಯವಾಗಿ ಅದು ಅಲ್ಲಿಗೆ ಮುಗಿಯಿತು.

ರಸ್ತೆಯನ್ನು ಬಿಟ್ಟು ಬೇರೆ ನೆಲವನ್ನೇ ಕಟ್ಟಬೇಕೆಂಬ ಯೋಚನೆಗೆ ಇಂಗ್ಲೆಂಡಿನಲ್ಲಿ ಬೇರೆ ಕಾರಣವಿತ್ತು. ಅಲ್ಲಿನ ಕಾನೂನು ರಸ್ತೆಯ ಮೇಲೆ ಘಂಟೆಗೆ ೨೦ ಮೈಲಿಗಿಂತ ಹೆಚ್ಚಿನ ವೇಗಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಹೀಗಿರಲು, ಲಾಕ್ ಕಿಂಗ್ ಎಂಬ ಜಮೀನುದಾರನು ಸರ್ರೆ ಪ್ರಾಂತದಲ್ಲಿ ತನ್ನ ಸ್ವಂತ ನೆಲದಲ್ಲಿಯೇ ಬ್ರೂಕ್‌ಲೆಂಡ್ಸ್ ಎಂಬ ಪಥವನ್ನು ಕಟ್ಟಿಸಿದನು. ೧೯೦೭ರಲ್ಲಿ ತೆರೆದ ಆ ಪಥದ ತಿರುವುಗಳನ್ನು ಬಾಣಲೆಯ ಅಂಚಿನಂತೆ ಸುಮಾರು ೩೦ ಅಡಿ ಎತ್ತರಕ್ಕೆ ಓರೆಯಾಗಿ ಎಬ್ಬಿಸಿದ್ದರು. ಏರ್ಪಾಡೆಲ್ಲ ಕುದುರೆ ಜೂಜಿನ ಮಾದರಿಯದು. ಮೊದಮೊದಲು ಚಾಲಕರು ಜಾಕಿಗಳಂತೆ ಬಣ್ಣದ ಅಂಗಿಗಳನ್ನು ತೊಡುತ್ತಿದ್ದರು. ಮೋಟಾರು ಪಂದ್ಯಕ್ಕೂ ತನ್ನದೇ ಆದ ಬೇಲಿ, ಬಾಗಿಲು, ಆಸನ ಬೇಕೆಂಬ ತಿಳಿವಳಿಕೆ ಅಲ್ಲಿಂದ ಬಲಿಯಿತೆನ್ನಬಹುದು.

ಆದರೆ ಬೇಲಿಯೊಂದೇ ಸಾಲದೆಂಬ ಕಠಿನ ಪಾಠವನ್ನು ಫ್ರಾನ್ಸಿನ ಲ ಮಾನ್ ಕಲಿಸಿತು. ಇಪ್ಪತ್ತನಾಲ್ಕು ಘಂಟೆಗಳ ಆ ಪ್ರಸಿದ್ಧ ಪಂದ್ಯ ೧೯೨೩ರಲ್ಲಿ ಮೊದಲಾದುದು. ದಾರಿ ಹಳೆಯದಾಗಿಯೇ ಉಳಿಯಿತು. ವೇಗ ಮಾತ್ರ ವರ್ಷವರ್ಷಕ್ಕೂ ಬೆಳೆಯಿತು. ೧೯೫೫ರ ಜೂನ್ ೧೧ರ ಸಂಜೆ, ಮುಂದೆ ಹಠಾತ್ತನೆ ಅಡ್ಡಬಂದ ಕಾರಿಗೆ ತಗಲಿ ಒಂದು ಮರ್ಸಿಡಿಸ್ ಕಾರು ಹಾರಿ ಬದಿಯ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಸಿಡಿದ ಎಂಜಿನೂ ಚಕ್ರದ ಭಾಗಗಳೂ ದಿಬ್ಬದ ಹಿಂದೆ ಒತ್ತೊತ್ತಾಗಿ ನಿಂತಿದ್ದ ಜನರ ನಡುವೆ ನುಗ್ಗಿದುವು. ಎಂಬತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಸ್ವಿಜರ್ಲೆಂಡು ದೇಶವು ಆ ಬಳಿಕ ತನ್ನ ನೆಲದಲ್ಲಿ ಇಂಥ ಪಂದ್ಯಗಳನ್ನೇ ನಿಷೇಧಿಸಿ, ಹಲವು ದಶಕಗಳ ಕಾಲ ಆ ನಿಷೇಧವನ್ನು ಉಳಿಸಿಕೊಂಡಿತು. ಇಂದು ಒಳ್ಳೆಯ ಪಥಗಳಲ್ಲಿ ತಿರುವಿನ ಹೊರಮಗ್ಗುಲಲ್ಲಿ ವಿಶಾಲವಾದ ಬಯಲು, ಗಾಡಿಯ ಓಟವನ್ನು ಹೀರುವ ಜಲ್ಲಿಯ ಹಾಸು, ಟೈರುಗಳನ್ನು ಅಡುಕಿ ಕಟ್ಟಿದ ತಡೆ, ಅದರಾಚೆ ಎತ್ತರದ ತಂತಿಯ ಜಾಲ, ಅದಕ್ಕೂ ಹಿಂದೆ ಪ್ರೇಕ್ಷಕರ ಪೀಠ, ಹೀಗೆ ಸಾಲುಸಾಲಾಗಿ ಇರುವುವಷ್ಟೆ. ಇವು ಯಾವುವೂ ಅಲಂಕಾರಕ್ಕಾಗಿ ಬಂದುವಲ್ಲ. ಒಂದೊಂದರ ಹಿಂದೆಯೂ ಯಾರದೋ ಮನೆಯ ಅಳು ಇದೆ.

ಪಟ್ಟಣದ ಬೀದಿಗಳಲ್ಲಿ ಪಂದ್ಯ ನಡೆಸುವ ಪದ್ಧತಿ ಇನ್ನೊಂದು. ಮೊನಾಕೊ ಎಂಬ ಪುಟ್ಟ ಸಂಸ್ಥಾನದ ಪಂದ್ಯ ಇದರಲ್ಲಿ ಹೆಸರಾದುದು, ೧೯೨೯ರಲ್ಲಿ ಆರಂಭವಾಯಿತು. ೩.೩ ಕಿಲೋಮೀಟರಿನ ದಾರಿ ಬಂದರದ ಅಂಚಿನಲ್ಲಿ, ಮನೆಗಳ ನಡುವೆ ಸುತ್ತುತ್ತದೆ. ಅಲ್ಲಿಯ ಅತಿ ಇಕ್ಕಟ್ಟಿನ ತಿರುವಿನಲ್ಲಿ ವೇಗ ಘಂಟೆಗೆ ಸುಮಾರು ೫೦ ಕಿಲೋಮೀಟರಿಗೆ ಇಳಿಯುವುದರಿಂದ ಚಾಲಕನ ಕೈಚಳಕವನ್ನು ಸಮೀಪದಿಂದ ಕಾಣಬಹುದು. ಬಂಡೆಯ ಇಳಿಜಾರಿನಲ್ಲಿ ಕುಳಿತವರಿಗೆ ಬಂದರವೂ ಓಟವೂ ಒಟ್ಟಿಗೆ ಕಾಣುತ್ತವೆ. ಓಟದ ಮಧ್ಯೆ ಕಾರು ಸಮುದ್ರಕ್ಕೆ ಬಿದ್ದುದೂ ಉಂಟು. ೧೯೫೫ರಲ್ಲಿ ಆಸ್ಕಾರಿ ಎಂಬ ಚಾಲಕ ಹಾಗೆ ಬಿದ್ದು ಈಜಿ ಬದುಕಿದನು. ನಮ್ಮ ದೇಶದಲ್ಲಿಯೂ ೨೦೨೩ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಪಂದ್ಯವೂ, ೨೦೨೪ರ ಆಗಸ್ಟ್ ಕೊನೆಯಲ್ಲಿ ಚೆನ್ನೈಯ ಬೀದಿಗಳಲ್ಲಿ ದೀಪದ ಬೆಳಕಿನಲ್ಲಿ ರಾತ್ರಿಯ ಪಂದ್ಯವೂ ನಡೆದುವು. ಊರಿನವರಿಗೆ ಮನೆಯ ಬಾಗಿಲಿಗೇ ಬಂದ ಉತ್ಸವವಿದು, ನಿಜ. ಆದರೆ ನಮ್ಮ ಊರುಗಳ ಬೀದಿ ಕೇವಲ ದಾರಿಯಲ್ಲ; ಅದು ಹೂ ಮಾರುವವಳ ಅಂಗಡಿ, ಆಸ್ಪತ್ರೆಗೆ ಓಡುವ ರೋಗಿಯ ಜೀವನಾಡಿ. ಎರಡು ದಿನದ ಓಟಕ್ಕಾಗಿ ದಿನಗಟ್ಟಲೆ ಅದನ್ನು ಕಟ್ಟಿಹಾಕುವುದು ಎಂದೋ ಒಮ್ಮೆ ಸಹ್ಯವಾದೀತು, ವಾಡಿಕೆಯಾಗಲಾರದು.

ಮೂರನೆಯ ಬಗೆಯದು ಹಳೆಯ ವಿಮಾನದ ನೆಲ. ಎರಡನೆಯ ಮಹಾಯುದ್ಧ ಮುಗಿದಮೇಲೆ ಬರಿದಾಗಿ ಬಿದ್ದಿದ್ದ ಇಂಥ ನೆಲಗಳು ಪಂದ್ಯದವರಿಗೆ ವರವಾದುವು. ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ೧೯೪೮ರಲ್ಲಿ ದೊಡ್ಡ ಪಂದ್ಯ ನಡೆಯಿತು. ಚೆನ್ನೈಯ ಉತ್ತರಕ್ಕಿರುವ ಶೋಳವರಂ ಕೂಡ ಯುದ್ಧಕಾಲದ ವಿಮಾನ ನೆಲವೇ. ಹಲವು ದಶಕಗಳ ಕಾಲ ನಮ್ಮ ದಕ್ಷಿಣ ದೇಶದ ಮೋಟಾರು ಪಂದ್ಯಕ್ಕೆ ಅದೇ ಕಾಶಿಯಾಗಿದ್ದಿತು. ಬೆಂಗಳೂರಿನ ಉತ್ಸಾಹಿಗಳೂ ಅಲ್ಲಿಗೆ ಹೋಗುತ್ತಿದ್ದರು. ಅಗ್ಗವಾಗಿ ಸಿಕ್ಕುವ ಗಟ್ಟಿ ನೆಲ, ಸುತ್ತಲೂ ಬಯಲು: ಇದು ಅದರ ಗುಣ. ಅಂಗೈಯಂತೆ ಚಪ್ಪಟೆಯಾಗಿರುವುದು ಅದರ ದೋಷ. ಚಪ್ಪಟೆ ನೆಲದಲ್ಲಿ ಮುಂದಿನ ಸಾಲಿನವನ ತಲೆಯೇ ಹಿಂದಿನವನಿಗೆ ಪಂದ್ಯ.

ಶೋಳವರವನ್ನು ಬಿಟ್ಟು ಸ್ವಂತ ನೆಲ ಕಟ್ಟಿಕೊಂಡದ್ದರ ಫಲವೇ ಇರುಂಗಾಟ್ಟುಕೋಟೆಯ ಪಥ. ಪಂದ್ಯದ ದಿನ ಅಲ್ಲಿ ಮೊದಲು ಎದುರ್ಗೊಳ್ಳುವುದು ಶಬ್ದ. ಗಾಡಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ, ಹೆಜ್ಜೇನಿನ ಹಿಂಡು ಎದ್ದಂತೆ ಮೊರೆತವೊಂದು ಬಯಲಿನಾಚೆಯಿಂದ ಬೆಳೆಯುತ್ತ ಬರುತ್ತದೆ. ಬಳಿಕ ಸುಟ್ಟ ರಬ್ಬರಿನ ವಾಸನೆ. ಮುಖ್ಯ ನೇರದಾರಿಯ ಎದುರಿನ ಪೀಠದಲ್ಲಿ ಕುಳಿತರೆ ಆರಂಭದ ಸಂಭ್ರಮವನ್ನು ಕಾಣಬಹುದು: ಸಾಲುಗಟ್ಟಿ ನಿಂತ ಗಾಡಿಗಳು, ಕೆಂಪು ದೀಪಗಳು ಆರಿದೊಡನೆ ಒಮ್ಮೆಗೇ ಏಳುವ ಆರ್ಭಟ, ಮೊದಲ ತಿರುವಿಗೆ ಎಲ್ಲರೂ ನುಗ್ಗುವಾಗ ನೋಡುವವರ ಎದೆಯಲ್ಲಿ ಏಳುವ ನಡುಕ. ಆಮೇಲೆ ಗಾಡಿಗಳು ಮಿಂಚಿ ಮರೆಯಾಗುತ್ತವೆ; ಪಥದ ಉಳಿದ ಭಾಗದಲ್ಲಿ ಏನಾಯಿತೆಂದು ಧ್ವನಿವರ್ಧಕವೇ ಹೇಳಬೇಕು.

ನಾವು ಕಂಡುಕೊಂಡ ಮಟ್ಟಿಗೆ, ನೋಡಲು ಉತ್ತಮವಾದ ಜಾಗ ನೇರದಾರಿಯ ನಡುವಲ್ಲ, ಅದರ ಕೊನೆ. ಅತಿ ವೇಗದಿಂದ ಬಂದ ಗಾಡಿ ಅಲ್ಲಿ ಬ್ರೇಕು ಒತ್ತಲೇಬೇಕು. ಯಾರು ತಡವಾಗಿ ಒತ್ತಿದನು, ಯಾರು ಒಳಮಗ್ಗುಲಿಗೆ ಮೂತಿ ತೂರಿಸಿದನು, ಯಾರು ಹೆದರಿ ಬಿಟ್ಟುಕೊಟ್ಟನು ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಬಾವುಟಗಳ ಭಾಷೆಯನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟರೆ ಅವರಿಗೂ ಆಟದ ಸವಿ ಹತ್ತುತ್ತದೆ. ಹಳದಿ ಎಂದರೆ ಮುಂದೆ ಅಪಾಯವಿದೆ, ಹಿಂದಿಕ್ಕಬೇಡ. ನೀಲಿ ಎಂದರೆ ಹಿಂದಿನಿಂದ ಬರುವ ವೇಗದ ಗಾಡಿಗೆ ದಾರಿ ಕೊಡು. ಕೆಂಪು ಎಂದರೆ ಓಟ ನಿಂತಿತು. ಕಪ್ಪು ಬಿಳುಪಿನ ಚೌಕುಳಿಯದು ಮುಕ್ತಾಯ. ಕುಟುಂಬದೊಡನೆ ಹೋಗುವವರು ಕಿವಿಗೆ ಹತ್ತಿ ಅಥವಾ ಬಿರಡೆ, ತಲೆಗೆ ಟೋಪಿ, ಸಾಕಷ್ಟು ನೀರು, ಒಂದಿಷ್ಟು ಬುತ್ತಿ ಇವನ್ನು ಮರೆಯಬಾರದು. ಕೈಗೂಸುಗಳನ್ನು ಒಯ್ಯದಿರುವುದು ಲೇಸು. ಆ ಮೊರೆತ ಎಳೆಯ ಕಿವಿಗೆ ಒಳ್ಳೆಯದಲ್ಲ.

ಹಣವನ್ನು ಧಾರಾಳವಾಗಿ ಸುರಿದರೆ ಎಲ್ಲವೂ ಸರಿಹೋಗುವುದೆ? ದಿಲ್ಲಿಯ ಬಳಿ ಗ್ರೇಟರ್ ನೋಯಿಡಾದಲ್ಲಿ ೨೦೧೧ರಲ್ಲಿ ತೆರೆದ ಬುದ್ಧ ಪಥವು ಇದಕ್ಕೆ ಉತ್ತರ. ಐದು ಕಿಲೋಮೀಟರಿಗೂ ಮಿಕ್ಕ ಉದ್ದ. ಚಪ್ಪಟೆಯಾದ ಗಂಗೆಯ ಬಯಲಿನಲ್ಲಿ ಮಣ್ಣು ತುಂಬಿ ಏರಿಳಿತಗಳನ್ನು ಎಬ್ಬಿಸಿ, ನೋಡುವವರಿಗೂ ಓಡಿಸುವವರಿಗೂ ರಸ ಬರುವಂತೆ ಮಾಡಿದ ಕೆಲಸ. ಲೋಕಪ್ರಸಿದ್ಧವಾದ ಫಾರ್ಮುಲಾ ಒನ್ ಪಂದ್ಯ ಅಲ್ಲಿ ೨೦೧೧, ೨೦೧೨, ೨೦೧೩ ಈ ಮೂರು ವರ್ಷ ನಡೆಯಿತು. ಮೂರು ಸಲವೂ ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದನು. ಮೊದಲ ವರ್ಷದ ಅಭ್ಯಾಸದ ಓಟದಲ್ಲಿ ಒಂದು ಬೀದಿನಾಯಿ ಪಥಕ್ಕೆ ನುಗ್ಗಿ, ಕೆಂಪು ಬಾವುಟ ಬೀಸಬೇಕಾಯಿತು. ತೆರಿಗೆಯ ವಿವಾದಗಳಿಂದಲೂ ಹಣಕಾಸಿನ ತೊಡಕುಗಳಿಂದಲೂ ಆ ಪಂದ್ಯ ೨೦೧೩ಕ್ಕೆ ನಿಂತಿತು. ಇದರಿಂದ ತಿಳಿಯುವುದೇನೆಂದರೆ, ವರ್ಷಕ್ಕೊಮ್ಮೆ ಬರುವ ಅತಿಥಿಯನ್ನೇ ನಂಬಿ ಅರಮನೆ ಕಟ್ಟುವುದಕ್ಕಿಂತ, ನೆರೆಹೊರೆಯ ಹುಡುಗರು ತಿಂಗಳು ತಿಂಗಳೂ ಬಳಸುವ ಅಂಗಳವನ್ನು ಕಟ್ಟುವುದು ಬಾಳಿಕೆಯ ಕೆಲಸ. ಶ್ರೀಪೆರುಂಬುದೂರಿನ ಪಥ ವೈಭವದಲ್ಲಿ ಬಡವಾಗಿದ್ದರೂ ಮೂರು ದಶಕಗಳನ್ನು ದಾಟಿ ನಡೆದುಬಂದಿರುವುದು ಇದರಿಂದಲೇ.

ನಮ್ಮ ನಾಡಿನಲ್ಲಿ ಮೋಟಾರಿನ ಸಾಹಸಕ್ಕೆ ಹೆಸರಾದುದು ಪಥಕ್ಕಿಂತ ಹೆಚ್ಚಾಗಿ ರ್‍ಯಾಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ತೋಟದ ನೆರಳಿನಲ್ಲಿ ನಿಂತು, ಒಂದೊಂದೇ ಕಾರು ಕೆಮ್ಮಣ್ಣನ್ನು ಚಿಮ್ಮಿಸುತ್ತ ಬರುವುದನ್ನು ನೋಡುವ ಸೊಗಸೇ ಬೇರೆ. ಆದರೆ ಇಲ್ಲಿ ತಂತಿಯ ಜಾಲವಿಲ್ಲ, ಪೀಠವಿಲ್ಲ. ನೋಡುವವನ ವಿವೇಕವೇ ಅವನ ಬೇಲಿ. ತಿರುವಿನ ಹೊರಮಗ್ಗುಲಲ್ಲಿ ಎಂದಿಗೂ ನಿಲ್ಲಬಾರದು, ದಾರಿಗಿಂತ ತಗ್ಗಿನಲ್ಲಿ ನಿಲ್ಲಬಾರದು, ಎತ್ತರದ ದಿಣ್ಣೆಯಲ್ಲಿ ಹಿಂದೆ ಸರಿದು ನಿಲ್ಲಬೇಕು; ಫೋಟೋದ ಆಸೆಗೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು.

ಇಷ್ಟನ್ನೂ ನೋಡಿದರೆ ನೆಲವನ್ನು ಪರೀಕ್ಷಿಸುವುದಕ್ಕೆ ಮೂರು ಪ್ರಶ್ನೆಗಳು ಸಾಕೆಂದು ನಮಗೆ ತೋರುತ್ತದೆ. ಹಿಡಿತ ತಪ್ಪಿದ ಗಾಡಿ ಪ್ರೇಕ್ಷಕನನ್ನು ಮುಟ್ಟದಷ್ಟು ಅಂತರವಿದೆಯೆ? ಕುಳಿತಲ್ಲಿಂದ ಓಟದ ಒಳ್ಳೆಯ ಭಾಗ ಕಾಣುವಷ್ಟು ನೆಲದ ಏರಿಳಿತವಿದೆಯೆ? ಹೆಂಗಸರೂ ಮಕ್ಕಳೂ ಮುದುಕರೂ ಒಂದು ಹಗಲನ್ನು ಕಳೆಯುವಂತೆ ನೆರಳು, ನೀರು, ಶೌಚದ ಅನುಕೂಲ, ಹೋಗಿಬರುವ ದಾರಿ ಇವೆಯೆ? ಊರಿಗೆ ತೀರ ಅಂಟಿಕೊಳ್ಳದೆ, ರೈಲಿಗೂ ಬಸ್ಸಿಗೂ ದೂರವಾಗದೆ, ಬೇಸಾಯದ ಹೊಲವನ್ನು ನುಂಗದೆ, ಸ್ವಲ್ಪ ಇಳಿಜಾರುಳ್ಳ ಬರಡು ನೆಲವೇ ಇದಕ್ಕೆ ತಕ್ಕದ್ದು.

ಇಂಥ ನೆಲದ ಅಗತ್ಯ ಕೇವಲ ವಿನೋದಪ್ರಿಯರದೆಂದು ತಿಳಿಯಬಾರದು. ನಮ್ಮ ಪಟ್ಟಣಗಳ ಹೊರವಲಯದ ಹೆದ್ದಾರಿಗಳಲ್ಲಿ ರಾತ್ರಿಯ ಹೊತ್ತು ಮುಂಚಕ್ರವನ್ನು ಎತ್ತಿ ಬೈಕು ಹಾರಿಸುವ ಹುಡುಗರು ನಮ್ಮ ನಿಮ್ಮ ಮನೆಯವರೇ. ಬೈದರೆ ಬೇರೊಂದು ರಸ್ತೆಗೆ ಹೋಗುತ್ತಾರೆ. ವಯಸ್ಸಿನ ವೇಗವನ್ನು ತಡೆಯಲಾಗದು; ಅದಕ್ಕೆ ಬೇಲಿಯುಳ್ಳ ಬಯಲು, ಹೇಳಿಕೊಡುವ ಗುರು, ಬಾಗಿಲಲ್ಲಿ ಸಿದ್ಧವಾಗಿ ನಿಂತ ವೈದ್ಯನ ಗಾಡಿ ಇವನ್ನು ಒದಗಿಸಬಹುದು. ೧೯೦೩ರಲ್ಲಿ ಫ್ರಾನ್ಸಿನ ರಸ್ತೆಯಲ್ಲಿ ಕಲಿತ ಪಾಠವನ್ನು ನಮ್ಮ ಹೆದ್ದಾರಿಯಲ್ಲಿ ಮತ್ತೆ ಕಲಿಯಬೇಕಾದ ಅಗತ್ಯವಿಲ್ಲ. ಓಡುವವನಿಗೆ ಓಡಲು ಒಂದು ನೆಲವೂ, ನೋಡುವವನಿಗೆ ಕೂಡಲು ಒಂದು ಕಟ್ಟೆಯೂ, ದಾರಿಹೋಕನಿಗೆ ಅವನ ದಾರಿಯೂ ಬೇರೆಬೇರೆಯಾಗಿ ಇದ್ದರೆ ಮೂವರೂ ಸಂಜೆ ಸುಖವಾಗಿ ಮನೆ ಸೇರುವರು.