ಎಳನೀರಿಗೂ ಆಗಬೇಕು, ಎತ್ತಿಗೂ ಆಗಬೇಕು

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಿಂದ ತುಸು ಒಳಗೆ ಒಂದು ಊರು. ಆ ಊರಿನ ಒಂದು ಮನೆಯಲ್ಲಿ ಮೂರು ತಿಂಗಳ ಕಾಲ ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು: ಯಾವ ಗಾಡಿ ಕೊಳ್ಳುವುದು?

ಯಜಮಾನನದು ಎಳನೀರಿನ ವ್ಯಾಪಾರ. ತನ್ನ ತೋಟದ್ದಲ್ಲದೆ ಸುತ್ತಮುತ್ತಲ ತೋಟಗಳ ಕಾಯಿಯನ್ನೂ ಕೊಯ್ಸಿ ಮದ್ದೂರಿನ ಎಳನೀರು ಮಾರುಕಟ್ಟೆಗೆ ಹಾಕುತ್ತಾನೆ. ಅಲ್ಲಿಂದ ಮುಂದೆ ಅವು ಮುಂಬೈಗೋ ದೆಹಲಿಗೋ ಲಾರಿಯಲ್ಲಿ ಹೋಗುತ್ತವೆ. ಬಾಡಿಗೆ ಟೆಂಪೊಗೆ ದಿನಾ ದುಡ್ಡು ಸುರಿಯುವ ಬದಲು ಸ್ವಂತದ್ದೊಂದು ಗಾಡಿ ಇದ್ದರೆ ಕೈಗೆ ನಾಲ್ಕು ಕಾಸು ಉಳಿದೀತು ಎಂಬುದು ಅವನ ಲೆಕ್ಕ. ಆ ಲೆಕ್ಕವನ್ನು ಮನೆಯಲ್ಲಿ ಯಾರೂ ಅಲ್ಲಗಳೆದಿರಲಿಲ್ಲ.

ತೊಡಕು ಇದ್ದುದು ಕೊಟ್ಟಿಗೆಯಲ್ಲಿ. ಅಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಮುಡುಕುತೊರೆ ಜಾತ್ರೆಯಲ್ಲಿ ಕರುಗಳಾಗಿದ್ದಾಗ ಹಿಡಿದು ತಂದದ್ದು. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು. ಅಮೃತಮಹಲ್ ತಳಿ ಹುಟ್ಟಿದ್ದೇ ಈ ಹಳ್ಳಿಕಾರ್‌ನಿಂದ. 2000ರಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಚೀಟಿಯನ್ನೇ ಹೊರಡಿಸಿತ್ತು. ಹೊಲದಲ್ಲಿ ಉಳುವ ಕೆಲಸ ಟ್ರ್ಯಾಕ್ಟರಿಗೆ ಹೋದ ಮೇಲೆ ಈ ಜೋಡಿಗೆ ಉಳಿದದ್ದು ಒಂದೇ ಕೆಲಸ, ಗಾಡಿ ಓಟ. ಮಂಡ್ಯ ಸೀಮೆಯಲ್ಲಿ ಜೋಡೆತ್ತಿನ ಗಾಡಿ ಓಟವೆಂದರೆ ಊರಿಗೆ ಊರೇ ಬಯಲಿಗೆ ಬಂದು ನಿಲ್ಲುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಇಂಥ ಓಟಗಳಿಗೆ ತಡೆ ಹಾಕಿತ್ತು. 2017ರಲ್ಲಿ ಕರ್ನಾಟಕ ತನ್ನ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟ ಮತ್ತೆ ಬಂತು. ಅದರ ಜೊತೆಗೆ ಎತ್ತುಗಳನ್ನು ಊರಿಂದೂರಿಗೆ ಸಾಗಿಸುವ ಪಾಡೂ ಬಂತು.

ಹೀಗಾಗಿ ಅಪ್ಪನ ಮಾತು ಒಂದೇ: "ತಗಂಡ್ರೆ ಎಳನೀರಿಗೂ ಆಗ್ಬೇಕು, ಎತ್ಗೂ ಆಗ್ಬೇಕು."

ಇದೇನು ಮಂಡ್ಯದ ಮನೆಯೊಂದರ ಪೇಚಾಟ ಮಾತ್ರವಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ ರೇಸ್ ಕಾರಿನ ಹುಚ್ಚು ಹಿಡಿದವರೂ ಇದೇ ಮಾತು ಆಡುತ್ತಾರೆ. ವಾರವಿಡೀ ಆಫೀಸಿಗೆ ಓಡಾಡಲು ಒದಗುವ, ಭಾನುವಾರ ಟ್ರೈಲರಿನ ಮೇಲೆ ರೇಸ್ ಕಾರನ್ನು ಎಳೆದೊಯ್ಯಲೂ ತಾಳುವ ಒಂದೇ ವಾಹನ ಯಾವುದು ಎಂದು ಹುಡುಕುತ್ತಾರೆ. ಅವರಿಗೆ ಕಾರು, ಇವರಿಗೆ ಎತ್ತು. ಉಳಿದದ್ದೆಲ್ಲ ಒಂದೇ.

ಮನೆಯಲ್ಲಿ ಮಗ, ಮಗಳು ಇಬ್ಬರು. ಮಗನಿಗೆ ಹತ್ತೊಂಬತ್ತು, ಡಿಪ್ಲೊಮಾ ಓದುತ್ತಿದ್ದ. ಮಗಳು ಎರಡನೇ ಪಿಯುಸಿ ವಿಜ್ಞಾನ. ಅವಳ ಕಣ್ಣು ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿನ ಮೇಲೆ. ಮುಂದಿನ ವರ್ಷದ ಫೀಜು, ಹಾಸ್ಟೆಲ್ಲು, ಪುಸ್ತಕ ಎಂದೆಲ್ಲ ಅವಳು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಗಾಡಿಯ ಮಾತು ಬಂದಾಗಲೆಲ್ಲ ಅವಳು ಸುಮ್ಮನಾಗುತ್ತಿದ್ದುದನ್ನು ಗಮನಿಸಿದವಳು ಅವ್ವ ಒಬ್ಬಳೇ.

ಮೊದಲು ಬಂದ ಸಲಹೆ ದೊಡ್ಡಪ್ಪನದು. "ನನ್ ಟ್ರ್ಯಾಕ್ಟ್ರು ಐತಲ್ಲ, ಟ್ರೈಲರ್‌ಗೆ ಎತ್ ಹತ್ಸು, ಎಳ್ಕಂಡ್ ಹೋಗು" ಎಂದ. ಅಪ್ಪ ತಲೆಯಾಡಿಸಿದ. ಓಟ ಇರುವುದು ಕೆಲವೊಮ್ಮೆ ಮಂಡ್ಯ ದಾಟಿ ಆಚೆಗೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳ ಜೊತೆ ಟ್ರ್ಯಾಕ್ಟರನ್ನೂ ಬಿಡುವುದಿಲ್ಲ. ಸರ್ವೀಸ್ ರಸ್ತೆಯಲ್ಲೇ ಕುಲುಕಿಕೊಂಡು ಹೋಗಬೇಕು. ಅಷ್ಟು ದೂರ ಕುಲುಕಿಸಿಕೊಂಡ ಎತ್ತು ಬಯಲಿನಲ್ಲಿ ಓಡುವುದೆಲ್ಲಿ ಬಂತು?

ಮಗ ಇನ್ನೊಂದು ಹೇಳಿದ. ಹೊರದೇಶದವರಂತೆ ಜೀಪಿನ ಹಿಂದೆ ಪುಟ್ಟದೊಂದು ಟ್ರೈಲರು ಕಟ್ಟಿಸಿದರೆ ಹೇಗೆ? ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು, ಕಡಿಮೆಯಾದರೆ ಟ್ರೈಲರು ಹಾವಿನಂತೆ ಹೊರಳುತ್ತದೆ ಎಂದು ತಾನು ಓದಿದ್ದನ್ನು ವಿವರಿಸಿದ. ಅಪ್ಪ ನಕ್ಕ. "ಇದ್ನ ನೀನು ಓದಿ ತಿಳ್ಕಂಡ್ಯಾ? ಹಿಂಬಾರ ಆದ್ರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗೀತದೆ. ಮುಂಬಾರ ಜಾಸ್ತಿ ಆದ್ರೆ ಹೆಗಲು ಕಿತ್ತೋಯ್ತದೆ. ಗಾಡಿ ಹೂಡೋನಿಗೆ ಇದು ಗೊತ್ತಿಲ್ದೆ ಇರ್ತದಾ?" ಎಂದ. ಆದರೆ ಎತ್ತು ಮೂಟೆಯಲ್ಲ. ಅದು ನಿಂತಲ್ಲೇ ಒಂದು ಹೆಜ್ಜೆ ಹಿಂದಿಟ್ಟರೆ ಕೊಂಡಿಯ ಮೇಲಿನ ಭಾರ ಬದಲಾಗುತ್ತದೆ. ಟ್ರೈಲರಿನ ಮಾತು ಅಲ್ಲಿಗೆ ನಿಂತಿತು.

ಉಳಿದದ್ದು ಎರಡು: ಮುಕ್ಕಾಲು ಟನ್ನಿನ ಪುಟ್ಟ ಗಾಡಿ, ಇಲ್ಲವೇ ಅದಕ್ಕಿಂತ ದೊಡ್ಡ ಪಿಕಪ್. ಎರಡರ ಬೆಲೆಗೂ ಇದ್ದ ಅಂತರ ಮಗಳ ಪುಸ್ತಕದ ಎರಡು ವರ್ಷದ ಮೊತ್ತಕ್ಕೆ ಹತ್ತಿರ ಹತ್ತಿರ ಸಮ.

ಆಗ ಮಗಳು ಮೊದಲ ಬಾರಿಗೆ ಬಾಯಿ ಬಿಟ್ಟಳು. "ಅಪ್ಪ, ಎತ್ತು ಎಷ್ಟು ತೂಕ ಬರ್ತವೆ?"

ಯಾರಿಗೂ ಗೊತ್ತಿರಲಿಲ್ಲ. ಅವಳು ಬಟ್ಟೆ ಹೊಲಿಯುವ ಟೇಪು ಹಿಡಿದು ಕೊಟ್ಟಿಗೆಗೆ ಹೋದಳು. ದನದ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಹೆಗಲಿನ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಸಿಗುತ್ತದೆ. ಪಶುವೈದ್ಯರು ಬಳಸುವ ಹಳೆಯ ಸೂತ್ರ ಇದು. ದೊಡ್ಡ ಎತ್ತಿನ ಸುತ್ತಳತೆ 66, ಉದ್ದ 56. ಲೆಕ್ಕ ಹಾಕಿದರೆ 813 ಪೌಂಡು, ಅಂದರೆ 369 ಕಿಲೊ. ಚಿಕ್ಕದರದು 64 ಮತ್ತು 55, ಬಂದದ್ದು 341 ಕಿಲೊ. ಎರಡೂ ಸೇರಿ 710. ಪುಟ್ಟ ಗಾಡಿ ಹೊರಬಹುದಾದದ್ದು 750. ಎತ್ತಿನ ಜೊತೆ ನಿಲ್ಲುವ ಆಳು 65 ಕಿಲೊ ಎಂದರೂ 775 ಆಯಿತು.

"ಇಪ್ಪತ್ತೈದು ಕಿಲೊಗೆ ಏನಾಯ್ತದೆ?" ಎಂದ ಅಣ್ಣ.

"ತೂಕ ಬಿಡು, ಜಾಗ ನೋಡು" ಎಂದಳು ತಂಗಿ. ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಬಂದ ತಿದ್ದುಪಡಿಯಂತೆ, ದನ ಸಾಗಿಸುವ ಗಾಡಿಯಲ್ಲಿ ಒಂದೊಂದು ದನಕ್ಕೂ ಎರಡು ಚದರ ಮೀಟರು ಜಾಗವಿರಬೇಕು, ನಡುವೆ ಕಾಯಂ ಅಡ್ಡಕಟ್ಟು ಇರಬೇಕು. ಎರಡಕ್ಕೆ ನಾಲ್ಕು ಚದರ ಮೀಟರು ಎಂದರೆ ಸುಮಾರು 43 ಚದರಡಿ. ಪುಟ್ಟ ಗಾಡಿಯ ತೊಟ್ಟಿ ಏಳಡಿ ಉದ್ದ, ನಾಲ್ಕೂಮುಕ್ಕಾಲು ಅಡಿ ಅಗಲ. ಗುಣಿಸಿದರೆ 33 ಚಿಲ್ಲರೆ. ಪಿಕಪ್ಪಿನದು ಒಂಬತ್ತಡಿಗೆ ಐದೂವರೆ ಅಡಿ, 49 ಚಿಲ್ಲರೆ. ಪಿಕಪ್ಪಿನಲ್ಲಿ ಎತ್ತು ಹಿಡಿಸುತ್ತವೆ, ಪುಟ್ಟದರಲ್ಲಿ ಇಲ್ಲ.

"ಹಂಗಾದ್ರೆ ಪಿಕಪ್ಪೇ ಆಯ್ತಲ್ಲ" ಎಂದು ಅಣ್ಣ ಹಿಗ್ಗಿದ. ಮಗಳ ಮುಖ ಸಣ್ಣದಾಯಿತು. ತನ್ನ ಲೆಕ್ಕವೇ ತನ್ನ ಕಾಲೇಜನ್ನು ನುಂಗಿತಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

ರೊಟ್ಟಿ ತಟ್ಟುತ್ತಿದ್ದ ಅವ್ವ ತಿರುಗಿ ನೋಡದೆ ಕೇಳಿದಳು: "ಎತ್ತು ವರ್ಷಕ್ಕೆ ಎಷ್ಟ್ ದಿವ್ಸ ಹೊರ್ಗಡೆ ಹೋಯ್ತವೆ?"

ಅಪ್ಪ ಬೆರಳು ಮಡಚಿದ. ಹೆಚ್ಚೆಂದರೆ ಹನ್ನೆರಡು.

"ಎತ್ತು ಹೋಗದು ಹನ್ನೆರಡು ದಿವ್ಸ. ಕಂತು ಬರದು ಹನ್ನೆರಡು ತಿಂಗ್ಳು" ಎಂದಳು ಅವ್ವ.

ಆ ರಾತ್ರಿ ಯಾರೂ ಹೆಚ್ಚು ಮಾತಾಡಲಿಲ್ಲ. ಮರುದಿನ ಮಗಳು ಎಳನೀರಿನ ಕಡೆಯಿಂದ ಲೆಕ್ಕ ಹಾಕಿದಳು. ಒಂದು ಎಳನೀರು ಎರಡು ಕಿಲೊ ಎಂದಿಟ್ಟುಕೊಂಡರೆ ದಿನದ ಮುನ್ನೂರು ಕಾಯಿಗೆ ಆರು ಕ್ವಿಂಟಾಲು. ಪುಟ್ಟ ಗಾಡಿಗೆ ಅದು ಹೂವಿನ ಭಾರ. ಪಿಕಪ್ ಕೊಂಡರೆ ವರ್ಷದ ಮುನ್ನೂರಕ್ಕೂ ಹೆಚ್ಚು ದಿನ ಅರೆ ಖಾಲಿ ತೊಟ್ಟಿಗೆ ಡೀಸೆಲ್ ಸುಡಬೇಕು.

ಅಪ್ಪನ ಮನಸ್ಸು ಮಾತ್ರ ಇನ್ನೊಂದು ದಾರಿ ಹುಡುಕುತ್ತಿತ್ತು. ಪುಟ್ಟ ಗಾಡಿಯನ್ನೇ ಕೊಂಡು ಎರಡನ್ನೂ ಒತ್ತಿ ಹತ್ತಿಸಿಬಿಟ್ಟರೆ? ಎಷ್ಟು ಜನ ಹಾಗೆ ಮಾಡುತ್ತಿಲ್ಲ? ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಒಮ್ಮೆ ಮಾತ್ರ. ಹೇಳಿದವನೇ ತಾನೇ ತಡೆದ. ಕಳೆದ ವರ್ಷ ನಡೆದದ್ದನ್ನು ಅವನು ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ. ಓಟ ಮುಗಿಸಿ ಬಾಡಿಗೆಯ ಪುಟ್ಟ ಟೆಂಪೊದಲ್ಲಿ ಎರಡನ್ನೂ ಅಡ್ಡಡ್ಡ ಕಟ್ಟಿಕೊಂಡು ಬರುತ್ತಿದ್ದಾಗ ಎದುರಿಗೆ ನಾಯಿ ಬಂತೆಂದು ಡ್ರೈವರು ಬ್ರೇಕು ಒತ್ತಿದ. ಸಗಣಿ, ಗಂಜಲದಿಂದ ಜಾರುತ್ತಿದ್ದ ತಗಡಿನ ಮೇಲೆ ಚಿಕ್ಕ ಎತ್ತು ಮಂಡಿಯೂರಿ ಬಿತ್ತು. ಮೂರು ವಾರ ಕುಂಟಿತು. "ಗೂಟಕ್ಕೆ ಕಾಲು ಸಿಕ್ಕಿಸ್ಕತ್ತು ಅಂತ ಹೇಳಿದ್ದೆ. ಸುಳ್ಳು. ಅದು ಬಿದ್ದ ಸದ್ದು ಇನ್ನೂ ನನ್ ಕಿವೀಲಿ ಐತೆ" ಎಂದ ಅಪ್ಪ.

ಮಗಳಿಗೆ ಅದು ಭೌತಶಾಸ್ತ್ರದ ಪಾಠವಾಗಿಯೂ ಕಾಣಿಸಿತು. ಗಾಡಿಯ ವೇಗವನ್ನು ಪ್ರತಿ ಸೆಕೆಂಡಿಗೆ ಮೂರು ಮೀಟರಿನಂತೆ ಇಳಿಸಿದರೆ, 369 ಕಿಲೊ ಎತ್ತನ್ನು ಒಂದು ಕ್ವಿಂಟಾಲಿಗೂ ಮಿಗಿಲಾದ ಬಲ ಮುಂದಕ್ಕೆ ನೂಕಿದಂತೆ. ಗಂಟೆಗೆ 40 ಕಿಲೋಮೀಟರಿನ ಬದಲು 60ರಲ್ಲಿ ಹೋದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಅದಕ್ಕೇ 1978ರ ಪ್ರಾಣಿ ಸಾಗಣೆ ನಿಯಮಗಳು ನೆಲಕ್ಕೆ ತೆಂಗಿನ ನಾರಿನ ಚಾಪೆ ಅಥವಾ ಮರದ ಹಲಗೆ ಹಾಸಬೇಕು, ದನ ಆದಷ್ಟೂ ಎಂಜಿನ್ನಿನ ಕಡೆ ಮುಖ ಮಾಡಿ ನಿಲ್ಲಬೇಕು, ಜೊತೆಗೊಬ್ಬ ಆಳಿರಬೇಕು, ಆರಕ್ಕಿಂತ ಹೆಚ್ಚು ದನ ತುಂಬಬಾರದು ಎನ್ನುತ್ತವೆ. ಇನ್ನೊಂದು ಮಾತೂ ಅಲ್ಲಿದೆ: ದನದ ಜೊತೆ ಬೇರೆ ಸರಕು ಹೇರಕೂಡದು. ಎಳನೀರು ಇಳಿಸಿ ಬರುವಾಗ ಎತ್ತು, ಎತ್ತಿನ ಪಕ್ಕ ನಾಲ್ಕು ಗೊನೆ ಎಂಬ ಅಪ್ಪನ ಕನಸು ಅಲ್ಲಿಗೆ ಮುರಿಯಿತು.

ಕೊನೆಗೆ ದಾರಿ ತೋರಿದ್ದು ಅಪ್ಪನೇ. ಅಕ್ಕಪಕ್ಕದ ಊರಿನಲ್ಲಿ ಅವನಂತೆಯೇ ಎತ್ತು ಓಡಿಸುವ ಗೆಳೆಯನೊಬ್ಬನಿದ್ದ. ಇಬ್ಬರೂ ಸೇರಿ ಮಂಡ್ಯದಲ್ಲಿ ದನಕ್ಕೆಂದೇ ಅಡ್ಡಕಟ್ಟು ಹಾಕಿಸಿದ ದೊಡ್ಡ ಗಾಡಿಯೊಂದನ್ನು ಓಟದ ದಿನಗಳಿಗೆ ಮಾತ್ರ ಬಾಡಿಗೆಗೆ ಗೊತ್ತುಮಾಡಿದರು. ತೊಟ್ಟಿ ಹದಿನಾಲ್ಕಡಿಗೆ ಆರೂವರೆ ಅಡಿ, ಅಂದರೆ 91 ಚದರಡಿ. ನಾಲ್ಕು ಎತ್ತಿಗೆ ಬೇಕಾದದ್ದು 86. ಬಾಡಿಗೆ ಇಬ್ಬರಿಗೆ ಹಂಚಿದರೆ ಹನ್ನೆರಡು ದಿನದ ಖರ್ಚು ಪಿಕಪ್ಪಿನ ಹೆಚ್ಚುವರಿ ಕಂತಿಗಿಂತ ಎಷ್ಟೋ ಕಡಿಮೆ. ಮನೆಗೆ ಬಂದದ್ದು ಪುಟ್ಟ ಗಾಡಿ.

ಮಗನಿಗೆ ಒಂದೇ ಕೊರಗು, ಸ್ಟಿಯರಿಂಗು ಕೈಗೆ ಸಿಗಲಿಲ್ಲವೆಂದು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೊ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರ ನವೆಂಬರ್ 6ರಂದು ಹೇಳಿದ್ದನ್ನು ಅವನು ಪೇಪರಿನಲ್ಲಿ ಓದಿದ್ದ. ತಂಗಿ ಇನ್ನೊಂದು ಸಾಲು ತೋರಿಸಿದಳು: ಸರಕು ಗಾಡಿಗೆ ವಯಸ್ಸು ಇಪ್ಪತ್ತು ತುಂಬಿರಬೇಕು. ಅವನಿಗೆ ಇನ್ನೂ ಏಳು ತಿಂಗಳು ಬಾಕಿ. ಗೊಣಗಿಕೊಂಡೇ ಅವನು ತೊಟ್ಟಿಗೆ ಹಾಸುವ ನಾರಿನ ಚಾಪೆ ತಂದ, ಅಂಚಿಗೆ ಕಟ್ಟಲು ಗೋಣಿಚೀಲಕ್ಕೆ ಹುಲ್ಲು ತುಂಬಿ ಹೊಲಿದ.

ಆ ವರ್ಷದ ಮೊದಲ ಓಟದಲ್ಲಿ ಜೋಡಿಗೆ ಬಹುಮಾನ ಬರಲಿಲ್ಲ. ಸಂಜೆ ಮನೆಯ ಮುಂದೆ ಗಾಡಿ ನಿಂತಾಗ ಅಪ್ಪ ಹಿಂದಿನ ತೊಟ್ಟಿಯಿಂದ ಇಳಿದ. ದಾರಿಯುದ್ದಕ್ಕೂ ಎತ್ತುಗಳ ಜೊತೆ ನಿಂತೇ ಬಂದಿದ್ದ. ಹಲಗೆ ಇಳಿಸಿದೊಡನೆ ಚಿಕ್ಕ ಎತ್ತು ನಾಲ್ಕೂ ಕಾಲು ಊರಿ ಇಳಿದು, ನೇರ ನೀರಿನ ತೊಟ್ಟಿಗೆ ಹೋಗಿ ಬಾಯಿ ಹಾಕಿತು. ಅಪ್ಪ ಬಗ್ಗಿ ಅದರ ಮಂಡಿಯನ್ನು ಸವರಿ ನೋಡಿದ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಳನೀರು ತುಂಬಬೇಕಿತ್ತು. ಒಳಗೆ ದೀಪದ ಕೆಳಗೆ ಮಗಳು ಕಾಲೇಜಿನ ಅರ್ಜಿಗೆ ಬೇಕಾದ ಕಾಗದಗಳನ್ನು ಜೋಡಿಸುತ್ತಿದ್ದಳು. "ಅಪ್ಪ, ಇಲ್ಲೊಂದು ಸೈನು ಹಾಕು" ಎಂದು ಕೂಗಿದಳು. ಅವನು ಕೈ ತೊಳೆದುಕೊಂಡು ಒಳಗೆ ಹೋದ.